ಪ್ಯಾಕೆಟ್ ಎಲ್ಲಿವರೆಗೆ ಹೋಯ್ತು? ಪೀಣ್ಯದ ಸರ್ವರ್ ರೂಮಿನಿಂದ ಕ್ಲೌಡ್‌ವರೆಗೆ ನನ್ನ ಅನುಭವ

ಕ್ಲೌಡ್ ಕೆಲಸಕ್ಕೆ ತಯಾರಿ ಮಾಡುತ್ತಿರುವ ಹುಡುಗರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: “ಸರ್, ಈಗಿನ ಕಾಲದಲ್ಲಿ ಸ್ವಿಚ್ಚು, ಸರ್ವರ್ರು ಅಂತ ಯಾಕೆ ಟೈಮ್ ಹಾಕಬೇಕು? ಡೈರೆಕ್ಟಾಗಿ ಎಡಬ್ಲ್ಯೂಎಸ್ ಕಲಿತರೆ ಸಾಕಲ್ವಾ?” ಅಮೆಜಾನಿನ ಈ ಕ್ಲೌಡ್ ಸೇವೆಯನ್ನು, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಸರ್ವರುಗಳನ್ನು, ಡೈರೆಕ್ಟಾಗಿ ಕಲಿಯಬಹುದು. ಸರ್ಟಿಫಿಕೇಟೂ ಬರುತ್ತೆ. ಆದರೆ ಕನ್ಸೋಲಿನಲ್ಲಿ (ಕ್ಲೌಡನ್ನು ನಿಭಾಯಿಸುವ ವೆಬ್ ಪುಟ) ಎಲ್ಲಾ ಹಸಿರು ತೋರಿಸುತ್ತಿದ್ದು ಅಪ್ಲಿಕೇಶನ್ ಮಾತ್ರ ತೆರೆಯುತ್ತಿಲ್ಲ ಅಂದಾಗ ಎಲ್ಲಿಂದ ಹುಡುಕಬೇಕು? ಅದನ್ನು ನನಗೆ ಕಲಿಸಿದ್ದು ಪೀಣ್ಯದ ಸಣ್ಣ ಕಾರ್ಖಾನೆಗಳ ನೆಟ್‌ವರ್ಕು, ಆಮೇಲೆ ಮನೆಯಲ್ಲಿ ಕಟ್ಟಿಕೊಂಡ ಲ್ಯಾಬು.

ನಾನು ಕೆಲಸ ಶುರು ಮಾಡಿದ್ದು ಒಂದು ಐಟಿ ಸಪೋರ್ಟ್ ಏಜೆನ್ಸಿಯಲ್ಲಿ. ಗ್ರಾಹಕರೆಲ್ಲ ಪೀಣ್ಯ, ರಾಜಾಜಿನಗರದ ಕಡೆಯವರು. ಯಾವ ಕಾರ್ಖಾನೆಗೆ ಹೋದರೂ ಹೆಚ್ಚುಕಡಿಮೆ ಅದೇ ವ್ಯವಸ್ಥೆ. ಅಕೌಂಟ್ಸ್ ರೂಮಿನ ಮೂಲೆಯಲ್ಲಿ ಟ್ಯಾಲಿ ಸರ್ವರ್, ಗೋಡೆ ಮೇಲೊಂದು ಸಣ್ಣ ರ‍್ಯಾಕ್, ಒಳಗೆ ಮಷೀನುಗಳನ್ನು ಕೇಬಲ್ಲಿನಿಂದ ಒಂದಕ್ಕೊಂದು ಜೋಡಿಸುವ ಸ್ವಿಚ್ಚು, ಸಿಸಿಟಿವಿ ರೆಕಾರ್ಡರ್, ಗೇಟಿನ ಹತ್ತಿರ ಹಾಜರಿ ಹಾಕುವ ಬಯೋಮೆಟ್ರಿಕ್ ಮಷೀನು. ಕೇಬಲ್ಲಿಗೆ ಆರ್‌ಜೆ45 ಪ್ಲಗ್ ಹಾಕುವುದರಿಂದ ಹಿಡಿದು ಬ್ಯಾಕಪ್ ನೋಡುವವರೆಗೆ ಎಲ್ಲಾ ನಮ್ಮದೇ ಕೆಲಸ.

ಒಂದು ಕಡೆ ಬ್ಯಾಕಪ್ ಸಿಕ್ಕಾಪಟ್ಟೆ ನಿಧಾನ ಅಂತ ದೂರು ಬಂತು. ಡಿಸ್ಕ್ ಹಾಳಾಗಿರಬೇಕು, ಹೊಸ ಸರ್ವರ್ರೇ ಬೇಕು ಅಂತ ಮಾಲೀಕರು ಆಗಲೇ ಲೆಕ್ಕ ಹಾಕುತ್ತಿದ್ದರು. ನಮ್ಮ ಸೀನಿಯರ್ ಡಿಸ್ಕಿನ ಕಡೆ ನೋಡಲೇ ಇಲ್ಲ. ಸರ್ವರ್ ಹಿಂದೆ ಬಗ್ಗಿ ಲಿಂಕ್ ಸ್ಪೀಡ್ ಎಷ್ಟಿದೆ ನೋಡು ಅಂದರು. ಗಿಗಾಬಿಟ್ ಸ್ವಿಚ್ಚು, ಗಿಗಾಬಿಟ್ ಕಾರ್ಡು, ಆದರೆ ಲಿಂಕ್ ಮಾತ್ರ 1000ದ ಬದಲು 100 ಎಂಬಿಪಿಎಸ್. 100ರ ಈಥರ್ನೆಟ್‌ಗೆ ಎರಡೇ ಜೋಡಿ ತಂತಿ ಸಾಕು: 1, 2, 3, 6ನೇ ಪಿನ್ನು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ನೀಲಿ ಜೋಡಿಯಲ್ಲೋ ಬ್ರೌನ್ ಜೋಡಿಯಲ್ಲೋ ಒಂದು ತಂತಿ ಕೂತಿಲ್ಲ ಅಂದರೆ, ಬಹಳ ಸಲ ಲಿಂಕ್ ಸತ್ತು ಹೋಗೋದಿಲ್ಲ, 100ಕ್ಕೆ ಇಳಿದು ಸುಮ್ನೆ ಓಡುತ್ತಿರುತ್ತೆ. ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿದರೆ ತುದಿಯ ಬ್ರೌನ್ ತಂತಿ ಮುಂದಿನವರೆಗೆ ತಲುಪಿರಲಿಲ್ಲ. ಕತ್ತರಿಸಿ, ವೈಟ್ ಆರೆಂಜ್, ಆರೆಂಜ್, ವೈಟ್ ಗ್ರೀನ್, ಬ್ಲೂ, ವೈಟ್ ಬ್ಲೂ, ಗ್ರೀನ್, ವೈಟ್ ಬ್ರೌನ್, ಬ್ರೌನ್ ಅಂತ ಜೋಡಿಸಿ, ಮತ್ತೆ ಕ್ರಿಂಪ್ ಮಾಡಿದೆವು. ಹೊಸ ಸರ್ವರಿನ ಮಾತು ಅಲ್ಲಿಗೇ ನಿಂತಿತು.

ಆ ಸೀನಿಯರ್‌ಗೆ ಒಂದು ಅಭ್ಯಾಸ ಇತ್ತು. ಯಾರಾದರೂ “ನೆಟ್ ಬರ್ತಿಲ್ಲ ಸರ್, ರೀಸ್ಟಾರ್ಟ್ ಮಾಡ್ಲಾ?” ಅಂದರೆ, “ಪ್ಯಾಕೆಟ್ ಎಲ್ಲಿವರೆಗೆ ಹೋಯ್ತು ಹೇಳು, ಆಮೇಲೆ ರೀಸ್ಟಾರ್ಟ್ ಮಾಡು” ಅನ್ನೋರು. ಪ್ಯಾಕೆಟ್ ಅಂದರೆ ನೆಟ್‌ವರ್ಕಿನಲ್ಲಿ ಓಡಾಡುವ ಡೇಟಾದ ಒಂದು ತುಂಡು. ಮಷೀನಿಗೆ ಸ್ವಂತ ಐಪಿ (ನೆಟ್‌ವರ್ಕಿನಲ್ಲಿ ಅದರ ಅಡ್ರೆಸ್) ಇದೆಯಾ? ಗೇಟ್‌ವೇಗೆ (ಹೊರಗೆ ದಾರಿ ಕೊಡುವ ರೂಟರ್) ಪಿಂಗ್ (ಇದ್ದೀಯಾ ಅಂತ ಕೇಳುವ ಪ್ಯಾಕೆಟ್) ಹೋಗುತ್ತಾ? ಹೊರಗಿನ ಐಪಿಗೆ? ಐಪಿ ಬದಲು ವೆಬ್‌ಸೈಟಿನ ಹೆಸರು ಹಾಕಿದರೆ? ಈ ಕ್ರಮ ಬಿಟ್ಟು ಒಂದು ಹೆಜ್ಜೆ ಆಚೆ ಹೋಗಲು ಬಿಡುತ್ತಿರಲಿಲ್ಲ. ಮಷೀನಿನಲ್ಲಿ 169.254ರಿಂದ ಶುರುವಾಗುವ ಐಪಿ ಕಂಡರೆ ಇಂಟರ್ನೆಟ್ ಕಂಪನಿಗೆ ಫೋನ್ ಮಾಡುವುದು ದಂಡ. ಐಪಿ ಹಂಚುವ ಡಿಎಚ್‌ಸಿಪಿಯಿಂದ ಉತ್ತರವೇ ಬಂದಿಲ್ಲ, ಮಷೀನು ತಾನೇ ಒಂದು ಅಡ್ರೆಸ್ ಇಟ್ಟುಕೊಂಡಿದೆ ಅಂತ ಅರ್ಥ. ‘ಕನೆಕ್ಷನ್ ರಿಫ್ಯೂಸ್ಡ್’ಗೂ ‘ಟೈಮ್ಡ್ ಔಟ್’ಗೂ ಇರುವ ವ್ಯತ್ಯಾಸವನ್ನೂ ಅವರೇ ಹೇಳಿಕೊಟ್ಟರು. ರಿಫ್ಯೂಸ್ಡ್ ಅಂದರೆ ಸಾಮಾನ್ಯವಾಗಿ ಪ್ಯಾಕೆಟ್ ಆ ಮಷೀನಿಗೆ ತಲುಪಿದೆ, ಆ ಪೋರ್ಟಿನಲ್ಲಿ (ಮಷೀನಿನಲ್ಲಿ ಒಂದೊಂದು ಸೇವೆಗೆ ಇರುವ ಬಾಗಿಲ ನಂಬರು) ಕಿವಿಗೊಟ್ಟವರು ಯಾರೂ ಇಲ್ಲ. ಟೈಮ್ಡ್ ಔಟ್ ಅಂದರೆ ದಾರಿಯಲ್ಲೆಲ್ಲೋ ಮುಳುಗಿದೆ, ಇಲ್ಲಾ ಉತ್ತರ ವಾಪಸ್ ಬಂದಿಲ್ಲ. ಇವತ್ತಿಗೂ ಕ್ಲೌಡ್ ಟಿಕೆಟ್ ತೆರೆದಾಗ ನಾನು ಮೊದಲು ನೋಡೋದು ಇವೆರಡರಲ್ಲಿ ಯಾವುದು ಅಂತ.

ಗ್ರಾಹಕರ ನೆಟ್‌ವರ್ಕಿನಲ್ಲಿ ಪ್ರಯೋಗ ಮಾಡೋಕಾಗಲ್ಲ. ಅದಕ್ಕೆ ಮನೆಯಲ್ಲೇ ಲ್ಯಾಬ್ ಬೇಕಾಯಿತು. ಎಸ್‌ಪಿ ರೋಡಿಗೆ ಹೋದೆ. ಕಂಪನಿಗಳು ಲೀಸ್ ಮುಗಿಸಿ ವಾಪಸ್ ಕೊಟ್ಟ ಡೆಸ್ಕ್‌ಟಾಪುಗಳು ಅಲ್ಲಿ ಸಾಲಾಗಿ ಸಿಗುತ್ತವೆ. ಐ5 ಪ್ರೊಸೆಸರಿನ ಒಂದು ಪುಟ್ಟ ಪಿಸಿ, ರ‍್ಯಾಮ್ 32 ಜಿಬಿಗೆ ಏರಿಸಿದ್ದು, ವಿಲ್ಯಾನ್ ಮಾಡಬಲ್ಲ (ಒಂದೇ ಸ್ವಿಚ್ಚನ್ನು ಹಲವು ಬೇರೆ ನೆಟ್‌ವರ್ಕುಗಳಾಗಿ ಒಡೆಯಬಲ್ಲ) ಎಂಟು ಕೇಬಲ್ ಪೋರ್ಟಿನ ಸ್ವಿಚ್ಚು, ಅಷ್ಟೇ. ಆನ್ ಮಾಡಿ, ಬಯಾಸ್ (ಪಿಸಿಯ ಮೂಲ ಸೆಟ್ಟಿಂಗ್ ಪುಟ) ನೋಡಿ, ವರ್ಚುವಲೈಸೇಶನ್ (ಒಂದೇ ಪಿಸಿಯೊಳಗೆ ಹಲವು ಕಂಪ್ಯೂಟರ್ ಓಡಿಸುವ ಸೌಲಭ್ಯ) ಇದೆಯಾ ಅಂತ ಖಾತ್ರಿ ಮಾಡಿಕೊಂಡೇ ದುಡ್ಡು ಕೊಡಿ. ಹಳೇ ರ‍್ಯಾಕ್ ಸರ್ವರ್ ಅಗ್ಗಕ್ಕೆ ಸಿಕ್ಕರೂ ಬೇಡ ಅನ್ನುತ್ತೇನೆ. ಬಾಡಿಗೆ ಮನೆಯಲ್ಲಿ ಅದರ ಫ್ಯಾನಿನ ಸದ್ದು, ಕರೆಂಟ್ ಬಿಲ್ಲು ಎರಡೂ ತಡೆಯೋಕಾಗಲ್ಲ.

ಪಿಸಿಗೆ, ಹಲವು ವರ್ಚುವಲ್ ಮಷೀನುಗಳನ್ನು (ವಿಎಂ) ನಿಭಾಯಿಸುವ ಪ್ರಾಕ್ಸ್‌ಮಾಕ್ಸ್ ಹಾಕಿದೆ. ಅದು ಡೆಬಿಯನ್ ಲಿನಕ್ಸ್ ಮೇಲೆ ಕೆವಿಎಂ ಅನ್ನುವ ಹೈಪರ್‌ವೈಸರ್ (ವಿಎಂಗಳನ್ನು ಓಡಿಸುವ ಸಾಫ್ಟ್‌ವೇರ್) ಇಟ್ಟುಕೊಂಡು ಓಡುತ್ತೆ. ಎಡಬ್ಲ್ಯೂಎಸ್ 2017ರಿಂದ ಬಳಸುತ್ತಿರುವ ನೈಟ್ರೋ ಹೈಪರ್‌ವೈಸರಿನ ಬುಡದಲ್ಲಿರುವುದೂ ಕೆವಿಎಂ ತಂತ್ರಜ್ಞಾನವೇ. ನಾವು ‘ಇನ್‌ಸ್ಟನ್ಸ್’ ಅಂತ ಬಾಡಿಗೆಗೆ ತಗೊಳ್ಳುವುದು ಏನನ್ನ ಅಂತ ಇಲ್ಲಿ ಕೈಯಿಂದಲೇ ಗೊತ್ತಾಗುತ್ತೆ. ನೆಟ್‌ವರ್ಕನ್ನು ಒಡೆದು ಎರಡು ಸಬ್‌ನೆಟ್ (ಐಪಿಗಳ ಗುಂಪು) ಮಾಡಿದೆ; ಕೊನೆಯಲ್ಲಿರುವ /24 ಆ ಗುಂಪಿನ ಗಾತ್ರ. ವೆಬ್ ಸರ್ವರ್ 10.20.1.0/24ರಲ್ಲಿ, ಡೇಟಾಬೇಸ್ 10.20.2.0/24ರಲ್ಲಿ. ಮಧ್ಯೆ ರೂಟರ್ ಆಗಿ ಬರೀ ಡೆಬಿಯನ್ ವಿಎಂ. ಚಂದದ ವೆಬ್ ಪುಟ ಇರುವ ಫೈರ್‌ವಾಲ್ ಸಾಫ್ಟ್‌ವೇರ್ ಬೇಕಂತಲೇ ಹಾಕಲಿಲ್ಲ. ಐಪಿ ಫಾರ್ವರ್ಡಿಂಗ್ (ಬೇರೆಯವರ ಪ್ಯಾಕೆಟ್ ಮುಂದಕ್ಕೆ ಸಾಗಿಸೋದು) ಆನ್ ಮಾಡೋದು, ರೂಟ್ (ಯಾವ ಐಪಿಗೆ ಯಾವ ದಾರಿ) ಬರೆಯೋದು, ನ್ಯಾಟ್ (ಒಳಗಿನ ಐಪಿಯನ್ನು ಹೊರಗಿನದಕ್ಕೆ ಬದಲಾಯಿಸೋದು) ನಿಯಮ ಬರೆಯೋದು ಎಲ್ಲಾ ಕೈಯಾರೆ ಆಗಬೇಕಿತ್ತು.

ಆಮೇಲೆ ಕೆಡಿಸೋಕೆ ಶುರು ಮಾಡಿದೆ. ನಾನು ಜಾಸ್ತಿ ಕಲಿತದ್ದು ಇಲ್ಲೇ. ಒಂದು ಪ್ರಯೋಗ ಮಾತ್ರ ಹೇಳುತ್ತೇನೆ, ಏಕೆಂದರೆ ಅದನ್ನು ಪ್ರತಿಯೊಬ್ಬರೂ ಮಾಡಲೇಬೇಕು. ಡೇಟಾಬೇಸ್ ವಿಎಂಗೆ ಇನ್ನೊಂದು ನೆಟ್‌ವರ್ಕ್ ಕಾರ್ಡ್ ಕೊಟ್ಟು, ಅದರ ಡೀಫಾಲ್ಟ್ ಗೇಟ್‌ವೇಯನ್ನು ಮನೆಯ ವೈಫೈ ರೂಟರ್ ಕಡೆ ತಿರುಗಿಸಿದೆ. ಎಡಗಡೆ ವೆಬ್ ಸರ್ವರ್, ಬಲಗಡೆ ಡೇಟಾಬೇಸ್ ಅಂತ ಎರಡು ಟರ್ಮಿನಲ್ ಪಕ್ಕಪಕ್ಕ ತೆರೆದು, ಬಂದು ಹೋಗುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಅನ್ನು ಎರಡರಲ್ಲೂ ಓಡಿಸಿದೆ. ವೆಬ್ ಸರ್ವರಿನಿಂದ ಡೇಟಾಬೇಸಿನ 5432 ಪೋರ್ಟಿಗೆ ಕನೆಕ್ಟ್ ಮಾಡಿದರೆ, ಎಡಗಡೆ ಸಿನ್ (ಕನೆಕ್ಷನ್ ಕೇಳುವ ಮೊದಲ ಪ್ಯಾಕೆಟ್) ಹೊರಟಿದ್ದು ಕಾಣುತ್ತೆ. ಬಲಗಡೆ ಅದೇ ಸಿನ್ ತಲುಪಿದ್ದೂ ಕಾಣುತ್ತೆ. ಡೇಟಾಬೇಸ್ ಅದಕ್ಕೆ ಉತ್ತರವಾಗಿ ಸಿನ್-ಆಕ್ ಕಳಿಸುತ್ತಲೂ ಇದೆ, ಆದರೆ ಬೇರೆ ಕಾರ್ಡಿನಿಂದ, ವೈಫೈ ರೂಟರಿನ ಕಡೆಗೆ. ಉತ್ತರ ಸಿಗದೆ ಎಡಗಡೆ ಒಂದು ಸೆಕೆಂಡ್ ಬಿಟ್ಟು ಮತ್ತೆ ಸಿನ್, ಎರಡು ಸೆಕೆಂಡ್ ಬಿಟ್ಟು ಮತ್ತೆ, ನಾಲ್ಕು ಬಿಟ್ಟು ಮತ್ತೆ. ಹೋಗುವ ದಾರಿ ಸರಿ ಇದ್ದರೆ ಸಾಲದು, ಬರುವ ದಾರಿಯೂ ಬರೆದಿರಬೇಕು ಅನ್ನೋದನ್ನು ಕಣ್ಣಾರೆ ನೋಡಿದ ಮೇಲೆ ಮರೆಯೋದಿಲ್ಲ.

ಕ್ಲೌಡಿಗೆ ಬಂದ ಮೇಲೆ ಇದೇ ವಿಷಯ ಬೇರೆ ವೇಷದಲ್ಲಿ ಎದುರಾಯಿತು. ಸೆಕ್ಯುರಿಟಿ ಗ್ರೂಪಿನಲ್ಲಿ (ಇನ್‌ಸ್ಟನ್ಸಿನ ಫೈರ್‌ವಾಲ್) ಪೋರ್ಟ್ ತೆರೆದಿದೆ, ರೂಟ್ ಟೇಬಲ್ ಸರಿ ಇದೆ, ಆದರೂ ಟೈಮ್ಡ್ ಔಟ್. ತಂಡದವರು ಇನ್‌ಸ್ಟನ್ಸನ್ನೇ ಮತ್ತೆ ಮತ್ತೆ ಹೊಸದಾಗಿ ಎಬ್ಬಿಸುತ್ತಿದ್ದರು. ಸರ್ವರಿನೊಳಗೆ ಟಿಸಿಪಿಡಂಪ್ ಹಾಕಿದರೆ ಸಿನ್ ಬರುತ್ತಿದೆ, ಉತ್ತರ ಹೊರಡುತ್ತಿದೆ, ಆಚೆ ತಲುಪುತ್ತಿಲ್ಲ. ಹಾಗಾದರೆ ಸಬ್‌ನೆಟ್ಟಿನ ನೆಟ್‌ವರ್ಕ್ ಎಸಿಎಲ್, ಅಂದರೆ ಇಡೀ ಸಬ್‌ನೆಟ್ಟಿಗೆ ಇರುವ ಫೈರ್‌ವಾಲ್, ನೋಡಬೇಕು. ಸೆಕ್ಯುರಿಟಿ ಗ್ರೂಪು ನಮ್ಮ ಅಪಾರ್ಟ್‌ಮೆಂಟಿನ ಹಳೇ ವಾಚ್‌ಮನ್ ಇದ್ದಂತೆ, ಒಳಗೆ ಬಿಟ್ಟವರ ಮುಖ ನೆನಪಿಟ್ಟು ಹೊರಗೆ ಹೋಗುವಾಗ ಕೇಳದೆ ಬಿಡುತ್ತಾನೆ. ಎಸಿಎಲ್‌ಗೆ ಆ ನೆನಪು ಇಲ್ಲ. ಹೋಗುವಾಗಲೂ ನಿಯಮದ ಪಟ್ಟಿ ತೆಗೆದು ನೋಡುತ್ತೆ. ಉತ್ತರ ಹೋಗುವುದು ಕ್ಲೈಂಟ್ ಆರಿಸಿಕೊಂಡ ಯಾವುದೋ ದೊಡ್ಡ ನಂಬರಿನ ಪೋರ್ಟಿಗೆ, ಹಾಗಾಗಿ ಹೊರಗೆ ಹೋಗುವ ನಿಯಮದಲ್ಲಿ 1024ರಿಂದ 65535ರವರೆಗೆ ತೆರೆದಿರಬೇಕು. ಅದು ತೆರೆದಿರಲಿಲ್ಲ.

ಕಲಿತದ್ದೆಲ್ಲ ಹಾಗೇ ಉಪಯೋಗಕ್ಕೆ ಬರುತ್ತೆ ಅಂತಲ್ಲ. ವಿಲ್ಯಾನ್, ಸ್ಪ್ಯಾನಿಂಗ್ ಟ್ರೀ (ಸ್ವಿಚ್ಚುಗಳ ನಡುವೆ ಪ್ಯಾಕೆಟ್ ಸುತ್ತುತ್ತಲೇ ಇರದಂತೆ ತಡೆಯೋದು), ರೇಯ್ಡ್ ಕಾರ್ಡು (ಹಲವು ಡಿಸ್ಕನ್ನು ಒಂದಾಗಿಸೋದು) ಇವಕ್ಕೆ ವಿಪಿಸಿಯಲ್ಲಿ (ಕ್ಲೌಡಿನೊಳಗಿನ ನಮ್ಮ ಖಾಸಗಿ ನೆಟ್‌ವರ್ಕು) ಕೆಲಸ ಇಲ್ಲ. ಎಲ್ಲಾ ಮಷೀನಿಗೂ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟೇ ಅಲ್ಲಿ ಇಲ್ಲ. ಮನೆಯ /24ರಲ್ಲಿ ಮಷೀನುಗಳಿಗೆ 254 ಅಡ್ರೆಸ್ ಸಿಕ್ಕರೆ, ಎಡಬ್ಲ್ಯೂಎಸ್‌ನಲ್ಲಿ 251 ಮಾತ್ರ, ಏಕೆಂದರೆ ಪ್ರತಿ ಸಬ್‌ನೆಟ್ಟಿನಲ್ಲಿ ಐದನ್ನು ಅವರೇ ಇಟ್ಟುಕೊಳ್ಳುತ್ತಾರೆ. ಅತಿ ಚಿಕ್ಕ ಸಬ್‌ನೆಟ್ /28, ಅದರಲ್ಲಿ ನಮಗೆ ಉಳಿಯೋದು 11. ನಾವು ಪೀಣ್ಯದಲ್ಲಿ ಕಂಡರೆ ಬೆಚ್ಚಿಬೀಳುತ್ತಿದ್ದ 169.254ರ ಸಾಲಿನಲ್ಲೇ ಅಲ್ಲಿ ಇನ್‌ಸ್ಟನ್ಸಿಗೆ ಅದರದೇ ವಿವರ ಕೊಡುವ ಮೆಟಾಡೇಟಾ ಸೇವೆ ಕೂತಿದೆ, 169.254.169.254ರಲ್ಲಿ. ಲಿನಕ್ಸ್ ರೂಟರಿನಲ್ಲಿ ಫಾರ್ವರ್ಡಿಂಗ್ ಆನ್ ಮಾಡಿದರೆ ಸಾಕಿತ್ತು. ಇಲ್ಲಿ ಅದರ ಜೊತೆಗೆ ಇನ್‌ಸ್ಟನ್ಸಿನ ಸೋರ್ಸ್-ಡೆಸ್ಟಿನೇಶನ್ ಚೆಕ್ ಕೂಡ ಆಫ್ ಮಾಡಬೇಕು, ಇಲ್ಲದಿದ್ದರೆ ಅದು ಬೇರೆಯವರ ಪ್ಯಾಕೆಟ್ಟನ್ನು ಸಾಗಿಸೋದಿಲ್ಲ.

ಐಪಿ ಅಡ್ರೆಸ್ ಹಂಚಿಕೆಯ ಬಗ್ಗೆ ಮಾತ್ರ ಸ್ವಲ್ಪ ಒತ್ತಿ ಹೇಳಬೇಕು. ನಮ್ಮ ಸಣ್ಣ ಕಾರ್ಖಾನೆಗಳು ರೂಟರ್ ಡಬ್ಬದಿಂದ ತೆಗೆದಾಗ ಇದ್ದ 192.168.1.0/24 ಅನ್ನೇ ಇಟ್ಟುಕೊಂಡಿರುತ್ತವೆ. ಪೀಣ್ಯದಲ್ಲೂ ಅದೇ, ಬೊಮ್ಮಸಂದ್ರದಲ್ಲೂ ಅದೇ. ಎರಡನ್ನೂ ಕ್ಲೌಡಿಗೆ ವಿಪಿಎನ್‌ನಲ್ಲಿ (ಇಂಟರ್ನೆಟ್ ಮೇಲಿನ ಖಾಸಗಿ ಟನಲ್) ಜೋಡಿಸಬೇಕು ಅಂದ ದಿನ ಗಂಟು ಬೀಳುತ್ತೆ. 192.168.1.10ಕ್ಕೆ ಹೋಗುವ ಪ್ಯಾಕೆಟ್ ಯಾವ ಊರಿಗೆ ಹೋಗಬೇಕು? ಖಾಸಗಿ ಬಳಕೆಗೆ ಅಂತ 1996ರಲ್ಲೇ 10.0.0.0/8, 172.16.0.0/12, 192.168.0.0/16 ಮೂರನ್ನೂ ಬಿಟ್ಟುಕೊಟ್ಟಿದ್ದಾರೆ, ಜಾಗಕ್ಕೇನೂ ಬರ ಇಲ್ಲ. ಮೊದಲೇ ಒಂದು ಹಾಳೆಯಲ್ಲಿ ಪೀಣ್ಯಕ್ಕೆ 10.10, ಬೊಮ್ಮಸಂದ್ರಕ್ಕೆ 10.11, ಎಡಬ್ಲ್ಯೂಎಸ್‌ನ ಮುಂಬೈ ರೀಜನ್ನಿಗೆ (ಅಲ್ಲಿನ ಡೇಟಾ ಸೆಂಟರುಗಳ ಗುಂಪು) 10.20 ಅಂತ ಬರೆದಿಟ್ಟರೆ ಆಯ್ತು. ಓಡುತ್ತಿರುವ ಕಾರ್ಖಾನೆಯಲ್ಲಿ ಪ್ರಿಂಟರಿಂದ ಬಯೋಮೆಟ್ರಿಕ್‌ವರೆಗೆ ಎಲ್ಲದರ ಐಪಿ ಬದಲಾಯಿಸೋದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು.

ವಿಪಿಎನ್ ಮೇಲೆದ್ದ ಮೇಲೂ ಒಂದು ವಿಚಿತ್ರ ಕಾಡುತ್ತೆ. ಪಿಂಗ್ ಹೋಗುತ್ತೆ, ಲಾಗಿನ್ ಆಗುತ್ತೆ, ದೊಡ್ಡ ಫೈಲ್ ಕಾಪಿ ಹಾಕಿದರೆ ಮಾತ್ರ ನಿಂತುಬಿಡುತ್ತೆ. ಇಲ್ಲಿ ಸಾಮಾನ್ಯವಾಗಿ ಎಂಟಿಯು (ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನುವ ಮಿತಿ) ಸಮಸ್ಯೆ ಇರುತ್ತೆ. ಈಥರ್ನೆಟ್ ಪ್ಯಾಕೆಟ್ಟಿನಲ್ಲಿ 1500 ಬೈಟ್ ಹಿಡಿಯುತ್ತೆ, ಟನಲ್ ತನ್ನ ಹೆಡರಿಗೆ (ಪ್ಯಾಕೆಟ್ಟಿನ ಮುಂದಿನ ವಿಳಾಸದ ಚೀಟಿ) ಅಂತ ಒಂದಿಷ್ಟು ತಿನ್ನುತ್ತೆ, ದೊಡ್ಡ ಪ್ಯಾಕೆಟ್ ತೂರೋದಿಲ್ಲ. ‘ಒಡೆಯಬೇಡ’ ಅನ್ನುವ ಗುರುತು ಹಾಕಿ 1472 ಬೈಟಿನ ಪಿಂಗ್ ಕಳಿಸಿ. ಅದಕ್ಕೆ 28 ಬೈಟಿನ ಹೆಡರ್ ಸೇರಿ ಸರಿಯಾಗಿ 1500 ಆಗುತ್ತೆ. ಹೋಗದಿದ್ದರೆ ಇಳಿಸುತ್ತಾ ಬನ್ನಿ, ಎಷ್ಟಕ್ಕೆ ಹೋಗುತ್ತೋ ಅದರ ಲೆಕ್ಕದಲ್ಲಿ ಎಂಎಸ್‌ಎಸ್ (ಪ್ಯಾಕೆಟ್ಟಿನೊಳಗಿನ ಡೇಟಾದ ಮಿತಿ) ಕಡಿಮೆ ಮಾಡಿ.

ಸರ್ವರ್ ಕಡೆಯ ಪಾಠವೂ ಹೀಗೇ. ಎಡಬ್ಲ್ಯೂಎಸ್ ಕೊಡುವ ಇಬಿಎಸ್ ಡಿಸ್ಕನ್ನು ಕನ್ಸೋಲಿನಲ್ಲಿ 50 ಜಿಬಿಯಿಂದ 100 ಮಾಡಿದರೂ ಲಿನಕ್ಸ್ ಒಳಗೆ 50 ಅಂತಲೇ ತೋರಿಸಿದರೆ ಗಾಬರಿಯಾಗುವವರಿದ್ದಾರೆ. ಲ್ಯಾಬಿನಲ್ಲಿ ಡಿಸ್ಕು, ಪಾರ್ಟಿಶನ್ನು, ಅದರ ಮೇಲೆ ಫೈಲ್ ಸಿಸ್ಟಮ್ಮು ಅಂತ ಪದರ ಪದರವಾಗಿ ಹಿಗ್ಗಿಸಿದ್ದವರು ಉಳಿದ ಎರಡು ಪದರವನ್ನೂ ಬೆಳೆಸಿ ಮುಂದೆ ಹೋಗುತ್ತಾರೆ. ಬೆಂಗಳೂರಿನ ಕರೆಂಟೂ ಪಾಠ ಹೇಳುತ್ತೆ. ಮಳೆಗಾಲದ ಸಂಜೆ ಕರೆಂಟ್ ಹೋಗಿ ಬಂದಾಗ ಲ್ಯಾಬ್ ತಾನಾಗಿ ಏಳಬೇಕು ಅಂದರೆ ರೂಟರ್ ಮೊದಲು, ಆಮೇಲೆ ಹೆಸರಿನಿಂದ ಐಪಿ ಹುಡುಕಿಕೊಡುವ ಡಿಎನ್‌ಎಸ್, ಆಮೇಲೆ ಡೇಟಾಬೇಸ್, ಕೊನೆಗೆ ವೆಬ್ ಸರ್ವರ್ ಅಂತ ಕ್ರಮ ಬರೆದಿಡಬೇಕು. ಯಾವುದು ಯಾವುದರ ಮೇಲೆ ನಿಂತಿದೆ ಅಂತ ಆ ಪಟ್ಟಿ ಬರೆಯುವಾಗಲೇ ಅರ್ಥವಾಗುತ್ತೆ.

ಪಿಸಿ ಕೊಳ್ಳಲು ಈಗ ದುಡ್ಡಿಲ್ಲದಿದ್ದರೂ ಪರವಾಗಿಲ್ಲ. ಸಿಸ್ಕೋದ ಪ್ಯಾಕೆಟ್ ಟ್ರೇಸರ್ (ನೆಟ್‌ವರ್ಕ್ ಸಿಮ್ಯುಲೇಟರ್) ಉಚಿತ, ಸಬ್‌ನೆಟ್ಟು, ರೂಟಿಂಗು ಕಲಿಯಲು ಧಾರಾಳ ಸಾಕು. ಲ್ಯಾಪ್‌ಟಾಪಿನಲ್ಲಿ ವರ್ಚುವಲ್‌ಬಾಕ್ಸ್ ಹಾಕಿ ಮೂರು ಲಿನಕ್ಸ್ ವಿಎಂ ಎಬ್ಬಿಸಿದರೆ ನಾನು ಹೇಳಿದ ಪ್ರಯೋಗ ಮಾಡಬಹುದು. ಅದು ಕೈಗೆ ಕೂತ ಮೇಲೆ ಅದೇ ನಕ್ಷೆಯನ್ನು, ಅದೇ ಐಪಿಗಳ ಸಮೇತ, ಮುಂಬೈ ರೀಜನ್ನಿನಲ್ಲಿ ವಿಪಿಸಿಯಾಗಿ ಕಟ್ಟಿ. ನಿಮ್ಮ ಡೆಬಿಯನ್ ರೂಟರಿನ ಒಂದೊಂದು ಸಾಲು ಅಲ್ಲಿ ಯಾವ ಪುಟದಲ್ಲಿ ಕೂತಿದೆ ಅಂತ ಪಕ್ಕದಲ್ಲಿ ಬರೆದುಕೊಳ್ಳಿ. ಮೊದಲೇ ಬಜೆಟ್ ಅಲರ್ಟ್ ಇಡಿ. ನ್ಯಾಟ್ ಗೇಟ್‌ವೇಗೆ ಒಂದು ಪ್ಯಾಕೆಟ್ ಹೋಗದಿದ್ದರೂ ಗಂಟೆ ಲೆಕ್ಕದಲ್ಲಿ ದುಡ್ಡು ಓಡುತ್ತೆ. 2024ರ ಫೆಬ್ರವರಿಯಿಂದ ಪಬ್ಲಿಕ್ ಐಪಿವಿ4 ಅಡ್ರೆಸ್ಸಿಗೂ ಗಂಟೆಗೆ 0.005 ಡಾಲರ್ ಹಾಕುತ್ತಿದ್ದಾರೆ. ಅಭ್ಯಾಸ ಮುಗಿದ ದಿನವೇ ಎರಡನ್ನೂ ಡಿಲೀಟ್ ಮಾಡಿ. ಮನೆಯ ಲ್ಯಾಬ್ ಮಾತ್ರ ಆನ್ ಇರಲಿ, ನಾಳೆ ಮತ್ತೆ ಕೆಡಿಸೋಕೆ ಬೇಕಾಗುತ್ತೆ.