ಬೀಡಿ ಸಿಗರೇಟ್ ತೆರಿಗೆ ಯಾರ ಜೇಬಿಗೆ ಎಷ್ಟು ಭಾರ? ಮನೇಲೇ ಲೆಕ್ಕ ಹಾಕೋದು ಹೀಗೆ

ತಂಬಾಕಿನ ಮೇಲೆ ತೆರಿಗೆ ಏರಿದಾಗೆಲ್ಲ ನಮ್ಮ ಕೊಡಗಲ್ಲಿ ಎರಡು ಮಾತು ಗ್ಯಾರಂಟಿ. "ಬಡವರ ಹೊಟ್ಟೆ ಮೇಲೆ ಹೊಡೆದ್ರು" ಅಂತ ಒಬ್ರು, "ಏರ್ಲಿ ಬಿಡಿ, ಸೇದೋದು ಬಿಡ್ತಾರೆ" ಅಂತ ಇನ್ನೊಬ್ರು. ಇಬ್ರೂ ಪೆನ್ನು ಹಿಡಿದು ಕೂತಿರಲ್ಲ. ಕೂತೋರದ್ದೂ ಪೂರ್ತಿ ಸರಿ ಇರಲ್ಲ. ಸ್ತ್ರೀಶಕ್ತಿ ಸಂಘದ ಮೀಟಿಂಗಲ್ಲಿ, ಡಿಗ್ರಿ ಹುಡುಗರ ಪ್ರಾಜೆಕ್ಟಲ್ಲಿ, ಗ್ರಾಮಸಭೆಗೆ ಅಂತ ಬರ್ಕೊಂಡು ಬಂದ ಚೀಟಿಗಳಲ್ಲಿ ಎಲ್ಲ ಕಡೆ ಅದೇ ತಪ್ಪು ನೋಡಿ ನೋಡಿ ಬೇಜಾರಾಗಿ ಇದನ್ನ ಬರೀತಿದ್ದೀನಿ. ಬೇಕಾಗಿರೋದು ಒಂದು ನೋಟ್‌ಬುಕ್, ಒಂದು ಸ್ಕೇಲು, ಮೊಬೈಲಿನ ಕ್ಯಾಲ್ಕುಲೇಟರ್. ಪ್ಲೇಸ್ಟೋರಲ್ಲಿ ಸಿಗೋ "ಸ್ಮೋಕಿಂಗ್ ಕಾಸ್ಟ್" ಆ್ಯಪ್‌ಗಳ ಸಹವಾಸ ಬೇಡ. ದಿನಕ್ಕೆ ಎಷ್ಟು ಪ್ಯಾಕ್ ಅಂತ ಕೇಳುತ್ತೆ, ನಮ್ಮಲ್ಲಿ ಅರ್ಧ ಜನ ಪ್ಯಾಕೇ ತಗೊಳಲ್ಲ, ಬೀಡಿ ಕಟ್ಟಿನ ಲೆಕ್ಕ ಅಂತೂ ಅದಕ್ಕೆ ಗೊತ್ತೇ ಇಲ್ಲ.

ಹಂತ 1: ಸೇದೋದೇನು, ದಿನಕ್ಕೆ ಎಷ್ಟು

ಬೀಡಿನಾ, ಗಿಡ್ಡ ಸಿಗರೇಟಾ, ಉದ್ದದ್ದಾ, ದಿನಕ್ಕೆಷ್ಟು ಅಂತ ಬರ್ಕೊಳ್ಳಿ. ಸೇದೋರನ್ನ ಮಾತ್ರ ಕೇಳಬೇಡಿ, ಮನೆಯವರನ್ನೂ ಕೇಳಿ, ಯಾಕಂದ್ರೆ ಸೇದೋರು ಹೇಳೋದು ಯಾವಾಗ್ಲೂ ಕಮ್ಮಿ.

ಹಂತ 2: ಆದಾಯ

ಇಲ್ಲಿ ಮೊದಲನೇ ಎಡವಟ್ಟು. ತೋಟದ ಕೆಲಸದವರ ಆದಾಯ ಅಂದ್ರೆ ಕಾಫಿ ಕುಯ್ಲಿನ ವಾರದ ಬಟವಾಡೆ ನೋಡಿ ಅದನ್ನೇ ನಾಲ್ಕರಿಂದ ಗುಣಿಸಿಬಿಡ್ತಾರೆ. ಕುಯ್ಲಲ್ಲಿ ಕೆಜಿ ಲೆಕ್ಕ, ಕೈ ಚುರುಕಿದ್ರೆ ಒಳ್ಳೇ ದುಡ್ಡು, ಆದ್ರೆ ಕಕ್ಕಡದ (ಆಷಾಢದ ಹೊತ್ತಿನ ಕೊಡವ ತಿಂಗಳು) ಮಳೇಲಿ ವಾರಕ್ಕೆ ಮೂರು ದಿನ ಕೆಲಸ ಸಿಕ್ಕಿದ್ರೆ ಅದೇ ಪುಣ್ಯ. ಹಾಗಾಗಿ ವರ್ಷ ಪೂರ್ತಿ ಕೂಡಿಸಿ. ಸುಮ್ನೆ ಉದಾಹರಣೆಗೆ, ಕುಯ್ಲಿನ 12 ವಾರ ₹4,000ದಂತೆ ₹48,000, ಮಾಮೂಲಿ 30 ವಾರ ₹2,700ರಂತೆ ₹81,000, ಜೋರು ಮಳೆಯ 10 ವಾರ ₹1,500ರಂತೆ ₹15,000, ಒಟ್ಟು ₹1,44,000, ಅಂದ್ರೆ ತಿಂಗಳಿಗೆ ₹12,000. ನಿಮ್ಮ ಲೈನ್ ಮನೆಯ (ತೋಟದ ಕೆಲಸದವರ ಸಾಲು ಮನೆ) ಅಂಕಿ ಬೇರೆ ಇರುತ್ತೆ, ತೋಟದ ಲೆಕ್ಕ ಬರೆಯೋ ರೈಟರ್ ಹತ್ರ ಚೆಕ್‌ರೋಲ್, ಅಂದ್ರೆ ಹಾಜರಿ-ಕೂಲಿ ಪುಸ್ತಕ ಇರುತ್ತೆ, ಕೇಳಿ ನೋಡಿ. ಅಡ್ವಾನ್ಸ್ ತಗೊಂಡಿದ್ದನ್ನ ಆದಾಯ ಅಂತ ಸೇರಿಸ್ಬೇಡಿ, ಅದು ಸಾಲ.

ಸಂಬಳದವರದ್ದು ಸುಲಭ, ಕೈಗೆ ಬರೋದನ್ನ ಬರೀರಿ. ತೋಟದ ಮಾಲೀಕರಾದ್ರೆ ಬೆಳೆ ಮಾರಿದ್ದರಲ್ಲಿ ಕೂಲಿ, ಗೊಬ್ಬರ, ಡೀಸೆಲ್ ಎಲ್ಲ ಕಳೆದು 12ರಿಂದ ಭಾಗಿಸಿ.

ಹಂತ 3: ರೇಟಲ್ಲಿ ತೆರಿಗೆ ಎಷ್ಟು

ಇದು ಎಲ್ಲರೂ ಕೆಡಿಸೋ ಜಾಗ, ಸ್ವಲ್ಪ ನಿಧಾನವಾಗಿ ಓದಿ.

ಮೊದಲು ಸದ್ಯದ ನಿಯಮ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಸಿಗರೇಟಿಗೆ 28%, ಅದರ ಮೇಲೆ ಪರಿಹಾರ ಸೆಸ್ (ರಾಜ್ಯಗಳ ನಷ್ಟ ತುಂಬೋಕೆ ಹಾಕಿದ ಹೆಚ್ಚುವರಿ ತೆರಿಗೆ) ಇತ್ತು. ಬೀಡಿಗೂ 28%, ಆದ್ರೆ ಸೆಸ್ ಇರಲಿಲ್ಲ. 2025ರ ಸೆಪ್ಟೆಂಬರಲ್ಲಿ ಜಿಎಸ್‌ಟಿ ಮಂಡಳಿ ತೀರ್ಮಾನ ಬದಲಾಯಿಸ್ತು, ಅದು 2026ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಈಗ ಸಿಗರೇಟಿಗೆ 40% ಜಿಎಸ್‌ಟಿ, ಜೊತೆಗೆ ಉದ್ದ ನೋಡಿ ಕೇಂದ್ರ ಅಬಕಾರಿ ಸುಂಕ (ಮಾಲು ತಯಾರಿಸೋದರ ಮೇಲೆ ಬೀಳೋ ತೆರಿಗೆ), ಸಾವಿರ ಸಿಗರೇಟಿಗೆ ₹2,050ರಿಂದ ₹8,500ರವರೆಗೆ. ಬೀಡಿಗೆ ಜಿಎಸ್‌ಟಿ 28ರಿಂದ 18%ಗೆ ಇಳೀತು, ಅದರ ಅಬಕಾರಿ ಸುಂಕ ಬರೀ ನಾಮಕಾವಸ್ತೆ.

ಈಗ ತಪ್ಪು ಎಲ್ಲಾಗುತ್ತೆ ಅಂದ್ರೆ, ₹14ರ ಸಿಗರೇಟಿಗೆ 40% ಅಂದ್ರೆ ₹5.60 ತೆರಿಗೆ ಅಂತ ಬರೀತಾರೆ. ಅಲ್ಲ. ಎಂಆರ್‌ಪಿ ಒಳಗೇ ತೆರಿಗೆ ಸೇರಿರುತ್ತೆ. ₹10ರ ಮಾಲಿಗೆ 40% ಅಂದ್ರೆ ₹4 ಸೇರಿ ₹14 ಆಗಿದೆ. ಅದಕ್ಕೆ ಎಂಆರ್‌ಪಿಯನ್ನ 40ರಿಂದ ಗುಣಿಸಿ 140ರಿಂದ ಭಾಗಿಸಬೇಕು, 100ರಿಂದ ಅಲ್ಲ. ಬೀಡಿಗೆ 18ರಿಂದ ಗುಣಿಸಿ 118ರಿಂದ ಭಾಗಿಸಿ. ಕಟ್ಟು ₹30 ಅಂತಿಟ್ಕೊಂಡ್ರೆ ₹4.58. ಬೀಡಿ ಮಾರೋ ಅಂಗಡಿಯವನಿಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ರೆ ಅವನ ಲಾಭದ ಮೇಲೆ ತೆರಿಗೆ ಬೀಳಲ್ಲ, ನಿಜವಾದ ಅಂಕಿ ಇದಕ್ಕಿಂತ ಚೂರು ಕಮ್ಮೀನೇ ಇರುತ್ತೆ, ಮನೆ ಲೆಕ್ಕಕ್ಕೆ ಇಷ್ಟು ಸಾಕು.

ಆಮೇಲೆ ಅಬಕಾರಿ. ಸ್ಕೇಲು ಬೇಕು ಅಂದಿದ್ದು ಇದಕ್ಕೇ. ಒಂದು ಸಿಗರೇಟನ್ನ ಮೇಜಿನ ಮೇಲಿಟ್ಟು ಫಿಲ್ಟರ್ ಸೇರಿಸಿ ಅಳೀರಿ, ಫಿಲ್ಟರ್ ಬಿಟ್ಟು ಅಳೆದ್ರೆ ಬೇರೆ ಗುಂಪಿಗೆ ಹೋಗಿ ಪೂರ್ತಿ ಲೆಕ್ಕ ಉಲ್ಟಾ ಆಗುತ್ತೆ. ಫಿಲ್ಟರ್ ಸಿಗರೇಟು 65 ಮಿಲಿಮೀಟರ್ ಒಳಗಿದ್ರೆ ಸಾವಿರಕ್ಕೆ ₹2,100, ಅಂದ್ರೆ ಒಂದಕ್ಕೆ ₹2.10. 65ರಿಂದ 70 ಇದ್ರೆ ಒಂದಕ್ಕೆ ₹4. 70ರಿಂದ 75 ಇದ್ರೆ ₹5.40. ಇದನ್ನ ಜಿಎಸ್‌ಟಿಗೆ ಕೂಡಿಸಿ. ₹14ರ ಗಿಡ್ಡ ಸಿಗರೇಟು: 4 ಪ್ಲಸ್ 2.10, ಒಟ್ಟು ₹6.10. ₹21ರ ಉದ್ದ ಸಿಗರೇಟು: 6 ಪ್ಲಸ್ 5.40, ಒಟ್ಟು ₹11.40. ರೇಟುಗಳು ಉದಾಹರಣೆಗೆ ಅಷ್ಟೇ, ನಿಮ್ಮ ಪ್ಯಾಕಿನ ಎಂಆರ್‌ಪಿ ಹಾಕಿ.

ಎಂಆರ್‌ಪಿನೇ ಹಾಕಿ ಅಂತ ಒತ್ತಿ ಹೇಳ್ತಿರೋದಕ್ಕೆ ಕಾರಣ ಇದೆ. ಲೂಸ್ ಸಿಗರೇಟ್ ತಗೊಳೋರು ₹14ರದ್ದಕ್ಕೆ ₹16 ಕೊಟ್ಟು "ಎರಡು ರೂಪಾಯಿ ಗವರ್ನಮೆಂಟ್ ಏರ್ಸಿದೆ" ಅಂತಾರೆ. ಆ ಎರಡು ರೂಪಾಯಿ ಸರ್ಕಾರಕ್ಕೆ ಹೋಗಲ್ಲ, ಗಲ್ಲಾಪೆಟ್ಟಿಗೆಗೆ ಹೋಗುತ್ತೆ. ಖರ್ಚಿನ ಕಾಲಮ್ಮಲ್ಲಿ ₹16 ಬರೀರಿ, ತೆರಿಗೆ ಕಾಲಮ್ಮಲ್ಲಿ ₹14ರ ಲೆಕ್ಕವನ್ನೇ ಬರೀರಿ. ಕೈಯಲ್ಲಿ ಒಟ್ಟಿಗೆ ದುಡ್ಡಿಲ್ಲದೆ ಒಂದೊಂದೇ ತಗೊಳೋ ಬಡವರೇ ಹೀಗೆ ಜಾಸ್ತಿ ಕೊಡೋದು, ಪ್ಯಾಕ್ ತಗೊಳೋ ಸಾವ್ಕಾರ್ರಿಗೆ ಈ ಎರಡು ರೂಪಾಯಿ ಬೀಳಲ್ಲ. ಅಂದಹಾಗೆ ಕರ್ನಾಟಕದಲ್ಲಿ ಸಿಗರೇಟನ್ನ ಬಿಡಿಯಾಗಿ ಮಾರೋದು ಕಾನೂನಿಗೆ ವಿರುದ್ಧ, 21 ವರ್ಷದ ಒಳಗಿನವರಿಗೆ ಮಾರೋದೂ ಹಾಗೇ.

ಇನ್ನೊಂದು ಮಾಲು ಬರುತ್ತೆ, ಎಂಆರ್‌ಪಿ ಇರಲ್ಲ, ಪ್ಯಾಕಿನ 85% ಜಾಗದಲ್ಲಿ ಇರಬೇಕಾದ ಎಚ್ಚರಿಕೆ ಚಿತ್ರಾನೂ ಇರಲ್ಲ, ನೋಡೋಕೆ ಫಾರಿನ್ ಥರ, ರೇಟು ಅರ್ಧ. ಅದು ಕಳ್ಳಮಾಲು. ಅದಕ್ಕೆ ತೆರಿಗೆ ಸೊನ್ನೆ ಅಂತ ಬರೀರಿ, ಆದ್ರೆ ಉಳಿತಾಯ ಅಂತ ಯಾರಿಗೂ ಹೇಳ್ಬೇಡಿ, ಯಾರು ಮಾಡಿದ್ದು ಒಳಗೇನಿದೆ ಒಂದೂ ಗೊತ್ತಿರಲ್ಲ.

ಹಂತ 4: ಆದಾಯದಲ್ಲಿ ಪಾಲು

ತಿಂಗಳ ತೆರಿಗೆಯನ್ನ ತಿಂಗಳ ಆದಾಯದಿಂದ ಭಾಗಿಸಿ 100ರಿಂದ ಗುಣಿಸಿ. ಖರ್ಚಿಗೂ ಹಾಗೇ ಮಾಡಿ, ಎರಡು ಕಾಲಮ್ ಬೇರೆ ಬೇರೆ ಇರಲಿ.

₹12,000 ದುಡಿಯೋ ತೋಟದ ಕೆಲಸದವರು ದಿನಕ್ಕೊಂದು ಕಟ್ಟು ಬೀಡಿ ಸೇದಿದ್ರೆ ಖರ್ಚು ₹900, ಆದಾಯದ 7.5%. ಅದರಲ್ಲಿ ತೆರಿಗೆ ₹137, ಹೆಚ್ಚುಕಮ್ಮಿ 1.1%. ₹25,000 ಸಂಬಳದ ಡ್ರೈವರ್ ಅಥವಾ ಗುಮಾಸ್ತರು ದಿನಕ್ಕೆ ಆರು ಗಿಡ್ಡ ಸಿಗರೇಟು ಸೇದಿದ್ರೆ ಖರ್ಚು ₹2,520, ತೆರಿಗೆ ₹1,098, ಅಂದ್ರೆ 4.4%. ತಿಂಗಳಿಗೆ ಲಕ್ಷ ಬರೋ ಪ್ಲಾಂಟರ್ ದಿನಕ್ಕೆ ಹತ್ತು ಉದ್ದ ಸಿಗರೇಟು ಸೇದಿದ್ರೆ ತೆರಿಗೆ ₹3,420, ಅಂದ್ರೆ 3.4%. ನೋಡಿ, ಪಾಲಿನ ಲೆಕ್ಕದಲ್ಲಿ ಜಾಸ್ತಿ ಪೆಟ್ಟು ತಿಂದಿದ್ದು ನಡುವಿನವರು. ಬೀಡಿಯವರ ದುಡ್ಡು ಹೋಗ್ತಿರೋದು ನಿಜ, ಆದ್ರೆ ಅದರಲ್ಲಿ ತೆರಿಗೆ ಚೂರೇ ಚೂರು, ಉಳಿದದ್ದೆಲ್ಲ ಬೀಡಿಗೇ.

ಆದ್ರೆ ಇಷ್ಟಕ್ಕೇ ನಿಲ್ಲಿಸಿದ್ರೆ ಅರ್ಧ ಸತ್ಯ. ಒಂದೇ ಮಾಲನ್ನ ಮೂವರ ಕೈಗೂ ಕೊಟ್ಟು ನೋಡಿ. ದಿನಕ್ಕೆ ಐದು ಗಿಡ್ಡ ಸಿಗರೇಟು, ತಿಂಗಳ ತೆರಿಗೆ ₹915. ಇದು ₹12,000ದವರಿಗೆ 7.6%, ₹25,000ದವರಿಗೆ 3.7%, ಲಕ್ಷದವರಿಗೆ 0.9%. ಬಡವರ ಹೊಟ್ಟೆ ಮೇಲೆ ಹೊಡೆಯುತ್ತೆ ಅನ್ನೋ ಮಾತು ಹುಟ್ಟೋದು ಇಲ್ಲಿ, ಈ ಮಟ್ಟಿಗೆ ಅದು ಸರೀನೇ.

ಮಳೆಗಾಲಕ್ಕೆ ಒಂದು ಸಾಲು ಬೇರೆ ಹಾಕಿ. ವಾರಕ್ಕೆ ₹1,500 ಬರೋವಾಗಲೂ ಬೀಡಿಗೆ ₹210 ಹೋಗುತ್ತೆ, 14%. ಚಳಿ ಅಂತ ಇನ್ನೂ ಜಾಸ್ತಿ ಸೇದೋದನ್ನ ಬಿಟ್ಟು ಈ ಲೆಕ್ಕ. ಅಂಗಡೀಲಿ ಉದ್ರಿ ಬೆಳೆಯೋದೂ ಆಗ್ಲೇ.

ಹಂತ 5: ರೇಟು ಏರಿದ್ಮೇಲೆ ಏನಾಗುತ್ತೆ

ಹಂತ 3 ದಾಟಿ ಬಂದೋರೂ ಇಲ್ಲಿ ಜಾರ್ತಾರೆ. ರೇಟು ₹14ರಿಂದ ₹17 ಆಯ್ತು ಅಂದ್ರೆ ಹಳೇ ಐದಕ್ಕೆ ಹೊಸ ರೇಟು ಗುಣಿಸಿ ದಿನಕ್ಕೆ ₹15 ಜಾಸ್ತಿ ಹೊರೆ ಅಂತ ಬರೆದು ಎದ್ದು ಹೋಗ್ತಾರೆ. ಜನ ಹಾಗೆ ಇರಲ್ಲ. ನಮ್ಮಂಥ ದೇಶಗಳಲ್ಲಿ ರೇಟು 10% ಏರಿದ್ರೆ ಸೇದೋದು ಸುಮಾರು 5% ಇಳಿಯುತ್ತೆ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿರೋ ಅಂದಾಜು, ಅದರಲ್ಲೂ ಕೈ ಬಿಗಿ ಇರೋರು, ಹುಡುಗರು ಜಾಸ್ತಿ ಕಮ್ಮಿ ಮಾಡ್ತಾರೆ, ದುಡ್ಡಿದ್ದೋರು ಕ್ಯಾರೇ ಅನ್ನಲ್ಲ. ಹಾಗಾಗಿ ಮೂರು ದಾರಿಗೂ ಬೇರೆ ಬೇರೆ ಲೆಕ್ಕ ಬರೀರಿ.

ಒಂದು, ಐದನ್ನ ನಾಲ್ಕು ಮಾಡಿದ್ರು. ದಿನಕ್ಕೆ ₹70 ಹೋಗ್ತಿದ್ದದ್ದು ₹68 ಆಯ್ತು. ರೇಟು ಏರಿದ್ರೂ ಖರ್ಚು ಇಳೀತು. ಎದುರಿಗೆ ಪ್ಲಾಂಟರ್ ₹21ರದ್ದು ₹25 ಆದ್ರೂ ಹತ್ತನ್ನೇ ಸೇದ್ತಾರೆ, ತಿಂಗಳಿಗೆ ₹1,200 ಜಾಸ್ತಿ ಕೊಟ್ಟೋರು ಅವರು. ಹೊಸದಾಗಿ ಬಿದ್ದ ಹೊರೆ ಯಾರ ಮೇಲೆ ಅಂತ ಕೇಳಿದ್ರೆ ಇಲ್ಲಿ ಉತ್ತರ ಉಳ್ಳವರ ಮೇಲೆ ಅಂತಾನೇ ಬರುತ್ತೆ. "ಬಡವರಿಗೆ ಹೊರೆ" ಅನ್ನೋ ಭಾಷಣಗಳಲ್ಲಿ ಈ ಲೆಕ್ಕ ಬರೋದೇ ಇಲ್ಲ.

ಎರಡು, ಸಿಗರೇಟು ಬಿಟ್ಟು ಬೀಡಿಗೆ ಇಳಿದ್ರು. ಖರ್ಚು ₹70ರಿಂದ ₹30ಕ್ಕೆ ಬಂತು, ಸರ್ಕಾರಕ್ಕೆ ದಿನಕ್ಕೆ ₹30.50 ಬರ್ತಿದ್ದ ತೆರಿಗೆ ₹4.58 ಆಯ್ತು, ಶ್ವಾಸಕೋಶಕ್ಕೆ ನಯಾಪೈಸೆ ಲಾಭ ಇಲ್ಲ. ಬೀಡಿ ಎಲೆಯದ್ದು, ನಾಟಿ, ಹಾಗಾಗಿ ಪರವಾಗಿಲ್ಲ ಅನ್ನೋದು ಶುದ್ಧ ಸುಳ್ಳು, ಅದರಿಂದಲೂ ಕ್ಯಾನ್ಸರ್, ಹಾರ್ಟ್ ಅಟ್ಯಾಕ್, ಉಬ್ಬಸ ಎಲ್ಲ ಬರುತ್ತೆ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆ ಪ್ರಕಾರ ದೇಶದ ವಯಸ್ಕರಲ್ಲಿ ಬೀಡಿ ಸೇದೋರು 7.7%, ಸಿಗರೇಟು ಸೇದೋರು 4%. ಜಾಸ್ತಿ ಜನ, ಅದರಲ್ಲೂ ಬಡವರು, ಸೇದೋ ಮಾಲಿಗೇ ತೆರಿಗೆ ಇಳಿಸಿದ್ದು ನನ್ನ ಪ್ರಕಾರ ದೊಡ್ಡ ತಪ್ಪು. ಬೀಡಿ ಕಟ್ಟೋ ಹೆಂಗಸರ ಹೊಟ್ಟೆಪಾಡು ಅಂತ ಕಾರಣ ಕೊಡ್ತಾರೆ. ಸಂಪಾಜೆ ಘಾಟಿ ಇಳಿದ್ರೆ ಪುತ್ತೂರು, ಬಂಟ್ವಾಳದ ಕಡೆ ಮನೆ ಜಗಲೀಲಿ ಮೊರ ತೊಡೆ ಮೇಲಿಟ್ಕೊಂಡು ಕತ್ತರಿಸಿದ ಎಲೆಗೆ ಪುಡಿ ಹಾಕಿ ಸುತ್ತೋ ಅಮ್ಮಂದಿರ ಕಷ್ಟ ನಿಜ, ಅವರ ಮಜೂರಿ ಕಮ್ಮಿ ಅನ್ನೋದೂ ನಿಜ. ಆದ್ರೆ ಅವರಿಗೆ ಬೇರೆ ಕೆಲಸ ಕೊಡ್ಸೋದು ಬಿಟ್ಟು, ತೋಟದ ಕೆಲಸದವರ ಎದೆಗೆ ಅಗ್ಗದ ಬೀಡಿ ಕೊಡೋದು ಪರಿಹಾರ ಹೇಗಾಗುತ್ತೆ?

ಮೂರು, ಏನೂ ಕಮ್ಮಿ ಮಾಡಲಿಲ್ಲ. ದಿನಕ್ಕೆ ₹15, ವಾರಕ್ಕೆ ₹105 ಜಾಸ್ತಿ. ಇದು ಎಲ್ಲಿಂದ ಬಂತು ಅಂತ ಮನೇಲಿ ಕೇಳಿ ಬರ್ಕೊಳ್ಳಿ: ಸಂತೇಲಿ ಮೀನು ಕಮ್ಮಿ ಆಯ್ತಾ, ಮಕ್ಕಳ ಬಿಸ್ಕೆಟ್ಟಾ, ಸಂಘದ ವಾರದ ಉಳಿತಾಯಾನಾ. ನಾನು ಕೇಳಿದಾಗ ಒಬ್ರು ಅಕ್ಕ, "ಮೊಟ್ಟೆ ನಿಲ್ಸಿದೀನಿ, ಅವ್ರಿಗೆ ಇನ್ನೂ ಗೊತ್ತಾಗಿಲ್ಲ" ಅಂದ್ರು. ತೆರಿಗೆ ನಿಜವಾಗಿ ಬಡವರನ್ನ ಹಿಂಡೋದು ಈ ಮೂರನೇ ದಾರೀಲಿ. ಬಿಡೋಕೆ ಮನಸ್ಸಿದ್ದು ಆಗದೇ ಇರೋರೇ ಇಲ್ಲಿ ಜಾಸ್ತಿ, ಅವರಿಗೆ ತೆರಿಗೆ ಜೊತೆ ಸಹಾಯಾನೂ ಸಿಗಬೇಕು.

ಹಂತ 6: ಆಸ್ಪತ್ರೆ ಕಾಲಮ್

ಸೇದೋದರಿಂದ ಬಂದ ಕಾಯಿಲೆಗೆ ವರ್ಷದಲ್ಲಿ ಹೋದ ದುಡ್ಡು, ಕೆಲಸಕ್ಕೆ ಹೋಗದೇ ತಪ್ಪಿದ ಕೂಲಿ, ಮಡಿಕೇರಿಗೋ ಮೈಸೂರಿಗೋ ಬಸ್ ಚಾರ್ಜು, ಜೊತೆಗೆ ಹೋದವರ ಕೂಲಿ. 2017-18ರಲ್ಲಿ ದೇಶಕ್ಕೆ ತಂಬಾಕಿನ ಕಾಯಿಲೆ ಸಾವುಗಳಿಂದ ಆದ ನಷ್ಟ ಸುಮಾರು ₹1.77 ಲಕ್ಷ ಕೋಟಿ ಅಂತ ಅಂದಾಜಿದೆ, ಅದರಲ್ಲೊಂದು ಪಾಲು ಹೀಗೆ ಮನೆ ಮನೆಯಿಂದ ಹೋಗಿದ್ದೇ. ದಿನಗೂಲಿಯವರು ಮಲಗಿದ್ರೆ ಆದಾಯಾನೇ ನಿಂತುಹೋಗುತ್ತೆ, ಸಂಬಳದವರಿಗೆ ರಜೆ ಇರುತ್ತೆ. ಈ ಕಾಲಮ್ ಬಿಟ್ಟು ಗ್ರಾಮಸಭೆಗೆ ಚೀಟಿ ಕೊಡಬೇಡಿ.

ಹಂತ 7: ಚೀಟಿ ಏನು ಮಾಡೋದು

ಲೆಕ್ಕ ಹಾಕಿದ ತಾರೀಕು, ಯಾವ ಎಂಆರ್‌ಪಿ ಅಂತ ಮೇಲೆ ಬರೀರಿ, ಹಳೇ ಸ್ಟಾಕು ಹೊಸ ಸ್ಟಾಕು ಎರಡೂ ಅಂಗಡೀಲಿ ಓಡಾಡ್ತಿರುತ್ತೆ. ಪಂಚಾಯ್ತೀಲಿ ಕೇಳಬೇಕಾದ್ದು ಇಷ್ಟೇ: ತೋಟಗಳ ಹತ್ರ ತಂಬಾಕು ಬಿಡಿಸೋ ಕ್ಯಾಂಪು ಮಾಡ್ಸಿ, ಅದೂ ಕುಯ್ಲು ಮುಗಿದ್ಮೇಲೆ, ಭಾನುವಾರ, ಕೂಲಿ ತಪ್ಪದ ಹಾಗೆ. ಅಲ್ಲಿವರೆಗೆ ಕಾಯಬೇಕಿಲ್ಲ, 1800-11-2356 ಅಂತ ಪ್ಯಾಕಿನ ಮೇಲೇ ನಂಬರ್ ಇರುತ್ತೆ, ಟೋಲ್ ಫ್ರೀ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡಬಹುದು. ಲೂಸ್ ತಗೊಳೋರ ಕೈಗೆ ಪ್ಯಾಕೇ ಸಿಗಲ್ಲವಲ್ಲ, ಹಾಗಾಗಿ ನಂಬರನ್ನ ಚೀಟಿ ಕೆಳಗೆ ದಪ್ಪಕ್ಷರದಲ್ಲಿ ಬರೆದು ಕೊಡಿ, ಲೈನ್ ಮನೇಲಿ ನೆಟ್‌ವರ್ಕ್ ಇಲ್ಲಾಂದ್ರೆ ಸಂತೆಗೆ ಬಂದಾಗ ನೀವೇ ಪಕ್ಕದಲ್ಲಿ ಕೂತು ಕಾಲ್ ಮಾಡ್ಸಿ.