ಸೆಸ್ನಾ 172 ವಿಮಾನದಲ್ಲಿ ಲಿವರ್‌ಮೋರ್‌ನಿಂದ ಫ್ರೈಡೇ ಹಾರ್ಬರ್‌ಗೆ, ನಡುವೆ ಎಲ್ಲೂ ಇಳಿಯದೆ

ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಿಂದ ವಾಷಿಂಗ್ಟನ್ ರಾಜ್ಯದ ಫ್ರೈಡೇ ಹಾರ್ಬರ್‌ಗೆ ಸುಮಾರು 650 ನಾಟಿಕಲ್ ಮೈಲಿ. ನಮ್ಮ ಹಳೇ ಸೆಸ್ನಾ 172ಎನ್ ಎಂಬ ಒಂದೇ ಎಂಜಿನ್‌ನ ಸಣ್ಣ ವಿಮಾನದಲ್ಲಿ ಒಂದೇ ಸಲಕ್ಕೆ ಮುಟ್ಟುತ್ತೇನೆ ಅಂದಾಗ ಹ್ಯಾಂಗರ್‌ನಲ್ಲಿ ಎಲ್ಲರೂ ನಕ್ಕರು. ಲಾಂಗ್ ರೇಂಜ್ ಟ್ಯಾಂಕ್ ಇದೆ, ಬಳಕೆಗೆ ಸಿಗುವುದು 50 ಗ್ಯಾಲನ್. 10,000 ಅಡಿಯಲ್ಲಿ 750 ನಾಟಿಕಲ್ ಮೈಲಿ ಅಂತ ಪಿಒಎಚ್‌ನಲ್ಲೇ (ವಿಮಾನದ ಕೈಪಿಡಿ) ಅಚ್ಚಾಗಿದೆ. "ಅದೆಲ್ಲ ಹೊಸ ವಿಮಾನಕ್ಕೆ ಕಣೋ" ಅಂದ ವಿಮಾನದಲ್ಲಿ ಪಾಲು ಇರುವ ಗೆಳೆಯ. ಈಗ ಅವನೇ ಸೆಟ್ಟಿಂಗ್ ಕೇಳುತ್ತಿದ್ದಾನೆ.

ಅಲ್ಲಿವರೆಗೆ ನನ್ನ ದಾಖಲೆ 450 ಮೈಲಿ ಆಸುಪಾಸು. ದೊಡ್ಡವರ ದಾಖಲೆ ಬೇರೆ ಬಿಡಿ. 1958–59ರಲ್ಲಿ ರಾಬರ್ಟ್ ಟಿಮ್ ಮತ್ತು ಜಾನ್ ಕುಕ್ ಎಂಬ ಪೈಲಟ್‌ಗಳು 172ರದೇ ಹಳೆಯ ಮಾಡೆಲ್‌ನಲ್ಲಿ 64 ದಿನಕ್ಕೂ ಜಾಸ್ತಿ ಇಳಿಯದೆ ಹಾರಿದರು. ಅವರಿಗೆ ಕೆಳಗೆ ಓಡುವ ಟ್ರಕ್ಕಿನಿಂದ ಪೆಟ್ರೋಲ್ ಬರುತ್ತಿತ್ತು. ನನಗೆ ಯಾರು ಕೊಡ್ತಾರೆ?

ಮೊದಲು ಬೇಸಿಗೆಯಲ್ಲಿ ಹೊರಟೆ. ಒರೆಗಾನ್ ಉದ್ದಕ್ಕೂ ಎದುರು ಗಾಳಿ, ಯೂಜೀನ್‌ನಲ್ಲಿ ಇಳಿಯಬೇಕಾಯಿತು. ಇನ್ನೊಮ್ಮೆ ಗಾಳಿ ಚೆನ್ನಾಗಿತ್ತು, ಆದರೆ ಲೀನ್ ಮಾಡಿದರೆ (ಗಾಳಿಗೆ ಬೆರೆಸುವ ಪೆಟ್ರೋಲ್ ಕಡಿಮೆ ಮಾಡಿದರೆ) ಎಂಜಿನ್ ನಡುಗುತ್ತಿತ್ತು. ಕಾರ್ಬುರೇಟರ್ ಎಂಜಿನ್ ಕಥೆ ಗೊತ್ತಲ್ಲ, ಪೆಟ್ರೋಲ್ ಸಮನಾಗಿ ಹಂಚಿಹೋಗದೆ ಒಂದು ಸಿಲಿಂಡರ್ ಬಡವಾದಾಗ ಇನ್ನೊಂದು ಇನ್ನೂ ಕೊಬ್ಬಿರುತ್ತದೆ. ಯಾವುದು ಅಂತ ತಿಳಿಯಲು ನಾಲ್ಕೂ ಸಿಲಿಂಡರ್‌ನ ಶಾಖ ಅಳೆಯುವ ಪ್ರೋಬ್ ಇರುವ ಅನಲೈಜರ್ ಹಾಕಿಸಿದೆ, ಫ್ಯುಯೆಲ್ ಫ್ಲೋ ಮೀಟರ್ ಸೇರಿಸಿ. ಸಾಮಾನು, ಮೆಕ್ಯಾನಿಕ್ ಕೂಲಿ ಎಲ್ಲ ಸೇರಿ ಐದೂವರೆ ಸಾವಿರ ಡಾಲರ್ ದಾಟಿತು. ಗಂಟೆಗೆ ಎರಡು ಗ್ಯಾಲನ್ ಉಳಿಸಿ ಈ ದುಡ್ಡು ವಾಪಸ್ ಬರಲು ನನ್ನ ಆಯಸ್ಸು ಸಾಲದು. ಮನೆಯಲ್ಲಿ ಈ ಲೆಕ್ಕ ಹೇಳಿಲ್ಲ.

ಗುಟ್ಟು ಇರುವುದು ಎರಡು ಕಡೆ. ಥ್ರಾಟಲ್ ಪೂರ್ತಿ ಒತ್ತದೆ ಕೂದಲೆಳೆ ಹಿಂದಕ್ಕೆ, ಜೊತೆಗೆ ಕಾರ್ಬ್ ಹೀಟ್ (ಕಾರ್ಬುರೇಟರ್‌ಗೆ ಬಿಸಿ ಗಾಳಿ ಬಿಡುವ ಹಿಡಿ) ಸ್ವಲ್ಪ. ಮಿಶ್ರಣ ಸಮನಾಗಿ ಹಂಚಿಹೋಗಿ ನಡುಕ ನಿಂತಿತು. ಎಷ್ಟು ಎಳೆಯಬೇಕು ಅಂತ ಹೇಳುವುದಿಲ್ಲ. ನಿಮ್ಮ ಎಂಜಿನ್‌ಗೆ ಅದು ಹೊಂದುವುದೂ ಇಲ್ಲ. ಇಷ್ಟು ಲೀನ್ ಮಾಡಿದರೆ ವಾಲ್ವ್ ಸುಡುತ್ತದೆ ಅಂತ ಹೆದರಿಸಿದವರು ಬಹಳ. 55 ಪರ್ಸೆಂಟ್ ಪವರ್‌ನಲ್ಲಿ ಸುಡಲು ಅಲ್ಲಿ ಶಾಖವಾದರೂ ಎಲ್ಲಿದೆ? ನನ್ನ ಸಿಎಚ್‌ಟಿ (ಸಿಲಿಂಡರ್ ತಲೆಯ ತಾಪ) 300 ಡಿಗ್ರಿ ಫ್ಯಾರನ್‌ಹೀಟ್ ಕೂಡ ದಾಟಲಿಲ್ಲ.

ಮಧ್ಯೆ ಕೆಲವು ಹುಚ್ಚಾಟ. ರೆಕ್ಕೆಗೆ ವ್ಯಾಕ್ಸ್ ತಿಕ್ಕಿದೆ. ಭುಜ ನೋವು ಬಂತು, ವೇಗ ಬರಲಿಲ್ಲ. ಬ್ಯಾಗೇಜ್‌ನಲ್ಲಿ ಮರಳು ಚೀಲ ಕಟ್ಟಿ ಸಿಜಿಯನ್ನು (ವಿಮಾನದ ತೂಕದ ಕೇಂದ್ರ) ಮಿತಿಯೊಳಗೇ ಹಿಂದಕ್ಕೆ ತಂದೆ. ಇದರಿಂದ ಒಂದೂವರೆ ನಾಟ್ ಸಿಕ್ಕಿತು. ಪುಕ್ಕಟೆ ಅಲ್ವಾ!

ಟ್ಯಾಂಕ್ ತುಂಬುವಾಗ ಪೆಟ್ರೋಲ್ ಸೆಲೆಕ್ಟರನ್ನು ಬೋತ್‌ನಲ್ಲಿ (ಎರಡೂ ಟ್ಯಾಂಕ್) ಬಿಡಬೇಡಿ, ಒಂದರಿಂದ ಇನ್ನೊಂದಕ್ಕೆ ಹರಿದುಹೋಗುತ್ತದೆ. ಒಂದು ಕಡೆಗೆ ತಿರುಗಿಸಿ, ತುಂಬಿ, ಸ್ವಲ್ಪ ಕಾದು ಮತ್ತೆ ಬಾಯಿವರೆಗೆ ತುಂಬಿ.

ಕೊನೆಗೆ ಅಕ್ಟೋಬರ್‌ನಲ್ಲಿ ದಕ್ಷಿಣದ ಗಾಳಿ ಸಿಕ್ಕಿತು. ಮಳೆ ತರುವ ಫ್ರಂಟ್ ಇನ್ನೂ ಸಮುದ್ರದ ಮೇಲೇ ಇತ್ತು. 10,500 ಅಡಿ, ಟ್ರೂ ಏರ್‌ಸ್ಪೀಡ್ (ಗಾಳಿಯಲ್ಲಿನ ನಿಜ ವೇಗ) ನೂರು ನಾಟ್ ಸುತ್ತ, ಗಂಟೆಗೆ ಆರೂವರೆ ಗ್ಯಾಲನ್‌ಗಿಂತ ಚೂರು ಕಡಿಮೆ. ಶಾಸ್ತಾ ಪರ್ವತವನ್ನು ಬಲಕ್ಕೆ ಬಿಟ್ಟು ಹೋದೆ. ಸಿಯಾಟಲ್‌ನ ಕ್ಲಾಸ್ ಬಿ (ಅನುಮತಿ ಇಲ್ಲದೆ ಹೊಗುವಂತಿಲ್ಲದ ವಾಯುವಲಯ) 10,000 ಅಡಿಗೆ ಮುಗಿಯುತ್ತದೆ, ಹಾಗಾಗಿ ಮೇಲಿಂದಲೇ ದಾಟಿದೆ. ಒಲಿಂಪಿಯಾ ಬಳಿ ಹದಿನಾಲ್ಕು ಗ್ಯಾಲನ್‌ಗಿಂತ ಕಡಿಮೆ ತೋರಿಸಿದರೆ ಇಳಿಯುವುದು ಅಂತ ಮೊದಲೇ ಬರೆದಿಟ್ಟಿದ್ದೆ. ಹದಿನಾರರ ಹತ್ತಿರ ಇತ್ತು.

ಕಷ್ಟವಾದದ್ದು ಪೆಟ್ರೋಲ್ ಅಲ್ಲ, ಮೂತ್ರಕೋಶ. ಬಾಟಲಿ ಒಯ್ಯಿರಿ, ದೊಡ್ಡದನ್ನೇ. ತಿನ್ನಲು ಕೋಡುಬಳೆ ಸಾಕು. ಆಕ್ಸಿಜನ್ ನಿಯಮದ ಪ್ರಕಾರ ಬೇಕಿಲ್ಲ, ಆದರೂ ನಾಲ್ಕನೇ ಗಂಟೆಗೆ ತಲೆ ಭಾರವಾಗುತ್ತದೆ. ರಕ್ತದ ಆಕ್ಸಿಜನ್ ತೋರಿಸುವ ಆಕ್ಸಿಮೀಟರ್ ಬೆರಳಿಗೆ ಇರಲಿ.

ಆರು ಗಂಟೆ ಚಿಲ್ಲರೆಗೆ ಇಳಿದೆ. ಟ್ಯಾಂಕ್ 41 ಗ್ಯಾಲನ್ ಹಿಡಿಯಿತು, ಅಂದರೆ ಇನ್ನೂ ಒಂದು ಗಂಟೆಗೂ ಮಿಕ್ಕಿ ಹಾರಬಹುದಿತ್ತು. ಬರುವಾಗ ಅದೇ ಗಾಳಿ ಎದುರಿಗೆ. ರೆಡ್ಡಿಂಗ್‌ನಲ್ಲಿ ಇಳಿದು ಪೆಟ್ರೋಲ್ ಹಾಕಿಸಿಕೊಂಡೆ. ಗೆಳೆಯ ಈಗ ಅದನ್ನೇ ಹಿಡಿದುಕೊಂಡಿದ್ದಾನೆ.