ಜಪ್ತಿಯಾದ ಹಂಡೆ ಹಿಡ್ಕೊಂಡು ಕರನಿರಾಕರಣೆಯ ಹೆಂಗಸರನ್ನ ಹುಡುಕಿದ್ದು: ನನ್ನ ಅನುಭವ

ಉತ್ತರ ಕನ್ನಡದ ಸಿದ್ದಾಪುರ ಸೀಮೆಲಿ 1932ರ ಕರನಿರಾಕರಣೆಗೆ, ಅಂದ್ರೆ ಬ್ರಿಟಿಷ್ ಸರ್ಕಾರಕ್ಕೆ ಜಮೀನಿನ ತೀರ್ವೆ (ಕಂದಾಯ) ಕಟ್ಟಲ್ಲ ಅನ್ನೋ ಚಳವಳಿಗೆ, ದುಡಿದ ಹೆಂಗಸರ ಹೆಸರು ಈಗ ಸಿಗಲ್ಲ ಬಿಡಿ ಅಂತ ನಂಗೆ ಹೇಳದವರಿಲ್ಲ. ಒಬ್ರು ಇತಿಹಾಸದ ಮೇಷ್ಟ್ರಂತೂ ತುಂಬಿದ ಸಭೇಲಿ, "ಜೈಲು ರಿಜಿಸ್ಟರಲ್ಲಿ ಇಲ್ದಿದ್ದು ಇತಿಹಾಸದಲ್ಲಿ ಇಲ್ಲ ಮೇಡಂ" ಅಂದ್ರು. ಈಗ ನನ್ನ ಪಟ್ಟೀಲಿ 140ರ ಮೇಲೆ ಹೆಸರಿದೆ, ಒಂದೊಂದಕ್ಕೂ ಕಡಿಮೆ ಅಂದ್ರೆ ಇಬ್ಬರು ಬೇರೆ ಬೇರೆ ಮನೆಯವರ ಸಾಕ್ಷಿ ಇದೆ, ಅದೇ ಮೇಷ್ಟ್ರು ಆಮೇಲೆ ಝೆರಾಕ್ಸ್ ಮಾಡಿಸ್ಕೊಂಡು ಹೋದ್ರು. ಇಂಥ ಕೆಲಸಕ್ಕೆ ಕೈ ಹಾಕಿರೋರು ಫೋನ್ ಮಾಡಿ ಹೇಗೆ ಮಾಡಿದ್ರಿ ಅಂತ ಕೇಳ್ತಾನೇ ಇರ್ತಾರೆ, ಅದಕ್ಕೇ ಬರೀತಿದೀನಿ.

ಚಳವಳಿ ಕತೆ ನಿಮಗೆ ಗೊತ್ತಿರೋದೇ, ತೀರ್ವೆ ಕಟ್ಟದವರ ಜಮೀನು ಪಾತ್ರೆ ಎಲ್ಲ ಸರ್ಕಾರ ಜಪ್ತಿ ಮಾಡಿ ಹರಾಜು ಹಾಕ್ತಿತ್ತು. ಮಾವಿನಗುಂಡಿಲಿ ಜಪ್ತಿ ಆಸ್ತಿ ಹರಾಜಲ್ಲಿ ಹಿಡಿದವರ ಮನೆ ಮುಂದೆ ಉಪವಾಸ ಕೂತ ಹೆಂಗಸರು, ದೊಡ್ಮನೆ ಮಹಾದೇವಿ ತಾಯಿ, ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ, ಇವರ ಬಗ್ಗೆ ಬರೆದವರಿದ್ದಾರೆ, ಬರೀಲೂ ಬೇಕು. ನಂಗೆ ಬೇಕಾಗಿದ್ದು ಜೈಲಿಗೆ ಹೋಗದೇ ಇದ್ದೋರು. ಗಂಡ ಹಿಂಡಲಗಿಲೋ ಯೆರವಡದಲ್ಲೋ ಇದ್ದಾಗ ತೋಟ ನೋಡ್ಕೊಂಡೋರು, ಭೂಗತರಾದವರಿಗೆ ಊಟ ಮುಟ್ಟಿಸಿದೋರು. ಸರ್ಕಾರದ ಸ್ವಾತಂತ್ರ್ಯ ಸೈನಿಕ ಸಮ್ಮಾನ ಪಿಂಚಣಿಗೂ ಜೈಲಿನ ಲೆಕ್ಕದಲ್ಲಿ 6 ತಿಂಗಳು ಆಗಿರ್ಬೇಕು, ಹೆಂಗಸರಿಗೆ 3 ತಿಂಗಳು. ಊಟ ಹೊತ್ತು ಬೆಟ್ಟ ಹತ್ತಿದ್ದಕ್ಕೆ ಯಾವ ಕಾಗದ ಇರತ್ತೆ ಹೇಳಿ?

ಶುರು ಮಾಡಿದ್ದು 2004ರ ಆಸುಪಾಸು. 32ರಲ್ಲಿ ಎಂಟು ಹತ್ತು ವರ್ಷದ ಹುಡುಗೀರಾಗಿದ್ದೋರು ಆಗ ಎಂಬತ್ತು ದಾಟಿದ್ರು, ಹಾಗಾಗಿ ಅವಸರ ಇತ್ತು. ಮೊದಲು ಪರಿಚಯದ ಪ್ರಾಧ್ಯಾಪಕರು ಒಬ್ರು ಕೊಟ್ಟ ಪ್ರಶ್ನಾವಳಿ ತಗೊಂಡು ಹೋದೆ, ಸುಮಾರು ನಲವತ್ತು ಪ್ರಶ್ನೆ, ಟೈಪ್ ಮಾಡಿಸಿದ್ದು. "ಸ್ವಾತಂತ್ರ್ಯ ಹೋರಾಟದಲ್ಲಿ ನೀವು ಏನು ಮಾಡಿದ್ರಿ" ಅಂದ ತಕ್ಷಣ ಎಲ್ಲಾ ಮನೇಲೂ ಒಂದೇ ಉತ್ತರ, "ಯಂಗೆಂತೂ ಗೊತ್ತಿಲ್ಲೆ ತಂಗಿ". ಜಗುಲಿಲಿ ಕೂತ ಗಂಡಸರು ಅಲ್ಲಿಂದಲೇ ಉತ್ತರ ಹೇಳೋಕೆ ಶುರು ಮಾಡ್ತಿದ್ರು, ಅದೂ ಪುಸ್ತಕದಲ್ಲಿ ಓದಿದ್ದೇ. ಎರಡು ಮಳೆಗಾಲ ಹೀಗೇ ಹೋಯ್ತು, ಕ್ಯಾಸೆಟ್ಟಿಗೇ ಐದಾರು ಸಾವಿರ ಸುರಿದಿದ್ದೆ, ಕೇಳಿದ್ರೆ ಬರೀ ಗಂಡಸರ ಧ್ವನಿ.

ಆಮೇಲೆ ಮುಂಬೈಗೆ ಹೋದೆ. ನಮ್ಮ ಜಿಲ್ಲೆ 1862ರಿಂದ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತ್ತಲ್ಲ, ಹಳೇ ಕಾಗದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರೋ ಪತ್ರಾಗಾರದಲ್ಲಿ ಸಿಗಬಹುದು ಅಂತ. ವಾರದ ಹತ್ರ ಲಾಡ್ಜಲ್ಲಿದ್ದೆ, ಊಟ ತಿಂಡಿ ಓಡಾಟ ಎಲ್ಲ ಸೇರಿ ಒಂಬತ್ತು ಸಾವಿರದ ಮೇಲೆ ಖರ್ಚು, ಆಗಿನ ನನ್ನ ಸಂಬಳದಲ್ಲಿ ಅದು ದೊಡ್ಡ ದುಡ್ಡು. ನಾನು ತೆಗೆಸಿದ ಫೈಲುಗಳಲ್ಲೆಲ್ಲ ಖಾತೆದಾರರದ್ದೇ ಹೆಸರು. ಹೆಂಗಸು ಬರೋದು ಗಂಡ ಸತ್ತು ಖಾತೆ ಅವಳಿಗೆ ಬಂದಿದ್ರೆ ಮಾತ್ರ, ಅದೂ ಇಂಥವರ ಕೋಂ (ಹೆಂಡತಿ) ಇಂಥವಳು ಅಂತ.

ದಾರಿ ಸಿಕ್ಕಿದ್ದು ಹೋರಾಟದ ಮಾತೇ ಬಿಟ್ಟ ಮೇಲೆ. ಒಂದು ಮನೇಲಿ ಬಚ್ಚಲೊಲೆ ಮೇಲೆ ಸ್ಟೀಲ್ ಪಾತ್ರೆ ಇತ್ತು, ಆ ವಯಸ್ಸಿನ ಮನೇಲಿ ತಾಮ್ರದ ಹಂಡೆ ಇರ್ಬೇಕಿತ್ತಲ್ಲ. ಹಂಡೆ ಎಲ್ಲೋಯ್ತು ಆಯೀ ಅಂದೆ. "ಜಪ್ತಿಗೆ ಹೋತು" ಅಂದವರು ಮತ್ತೆ ಎರಡು ಗಂಟೆ ನಿಲ್ಲಿಸಲೇ ಇಲ್ಲ. ಕಾದ ನೀರಿದ್ದ ಹಂಡೆನ ಪೊಲೀಸರು ಅಂಗಳದಲ್ಲಿ ಬೋರಲು ಹಾಕಿ ಎಳ್ಕೊಂಡು ಹೋಗಿದ್ದು, ಅವರ ತಾಯಿ ಒಂದು ಗಿಂಡಿ ಮಾತ್ರ ಹುಲ್ಲು ಬಣವೆ ಒಳಗೆ ತುರುಕಿದ್ದು, ಸೌಟು ಕೂಡ ಬಿಡದೇ ಇದ್ದಿದ್ದು. ಆಗ ನಾನು ಕೇಳಿದ್ದು ಒಂದೇ, ಅವತ್ತು ರಾತ್ರಿ ಅಡುಗೆ ಯಾವುದ್ರಲ್ಲಿ ಮಾಡಿದ್ರು? ಅಲ್ಲಿಂದ ಹೆಸರು ಬರೋಕೆ ಶುರುವಾಯ್ತು ನೋಡಿ. ಕತ್ತಲಲ್ಲಿ ಮಣ್ಣಿನ ಗಡಿಗೆ ತಂದುಕೊಟ್ಟ ಕುಂಬಾರರ ಹೆಂಗಸು, ಸಾಲಕ್ಕೆ ಅಕ್ಕಿ ಕೊಟ್ಟ ಆಚೆಮನೆ ವಿಧವೆ, ಮಕ್ಕಳನ್ನ ಗಡಿ ದಾಟಿಸಿ ಮೈಸೂರು ಸಂಸ್ಥಾನದ ಸಾಗರದ ಕಡೆ ತವರಿಗೆ ಬಿಟ್ಟುಬಂದ ಅತ್ತೆ. ಒಂದು ಹಂಡೆಯಿಂದ ಹನ್ನೊಂದೋ ಹನ್ನೆರಡೋ ಹೆಸರು.

ಹಾಗಂತ ಮೊದಲ ಪ್ರಶ್ನೆಯಿಂದಲೇ ಎಲ್ಲಾ ಆಗಲ್ಲ. ಅಡುಗೆ ಪ್ರಶ್ನೆ ಆದ್ಮೇಲೆ ನಾನು ಕೇಳೋ ಇನ್ನೊಂದು ಇದೆ, ಅದನ್ನ ಇಲ್ಲಿ ಬರಿಯಲ್ಲ, ಎಲ್ರೂ ಅದನ್ನೇ ಕೇಳ್ಕೊಂಡು ಹೋದ್ರೆ ಉತ್ತರ ಬಾಯಿಪಾಠ ಆಗ್ಬಿಡತ್ತೆ. ಇನ್ನು ಜಗುಲಿ ಗಂಡಸರ ವಿಷ್ಯ, ನಾನು ಕೂರೋದು ಹಿತ್ತಲಲ್ಲಿ ಇಲ್ಲಾ ಅಡಿಕೆ ಸುಲಿಯೋ ಜಾಗದಲ್ಲಿ. ಕೈಗೆ ಕತ್ತಿ ತಗೊಂಡು ಜೊತೆಗೇ ಸುಲೀತೀನಿ, ರೆಕಾರ್ಡರ್ ಬುಟ್ಟಿ ಪಕ್ಕ ಇರತ್ತೆ, ಮೊದಲೇ ತೋರಿಸಿ ಒಪ್ಪಿಗೆ ತಗೊಂಡು.

ಪಾತ್ರೆ ಮೇಲಿನ ಹೆಸರು ಓದೋದು ಕಲ್ತಿದ್ದು ಆಮೇಲೆ. ಮದುವೇಲಿ ತವರಿಂದ ಕೊಟ್ಟ ತಾಮ್ರ ಹಿತ್ತಾಳೆ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸಿರ್ತಾರಲ್ಲ, ಎಷ್ಟೋ ಕಡೆ ಅದು ಹುಡುಗಿ ಹೆಸರೇ. ತಿಕ್ಕಿ ತಿಕ್ಕಿ ಸವೆದಿರತ್ತೆ, ಕಣ್ಣಿಗೆ ಕಾಣಲ್ಲ. ಒಣಗಿದ ಪಾತ್ರೆ ಮೇಲೆ ಅಕ್ಕಿ ಹಿಟ್ಟು ಸವರಿ ಅಂಗೈಲಿ ಮೆತ್ತಗೆ ಒರೆಸಿ, ಟಾರ್ಚ್ ಅಡ್ಡಡ್ಡ ಹಿಡೀರಿ, ಅಕ್ಷರ ಬೆಳ್ಳಗೆ ಎದ್ದು ಬರತ್ತೆ. ಹುಣಸೆಹಣ್ಣು ಹಾಕಿ ತೊಳೀಬೇಡಿ, ಫಳಫಳ ಹೊಳೆದ್ರೆ ಫೋಟೋಲಿ ಏನೂ ಬರಲ್ಲ. ಹರಾಜಲ್ಲಿ ಹೋದ ಪಾತ್ರೆ ಇವತ್ತಿಗೂ ಹಿಡಿದವರ ಮೊಮ್ಮಕ್ಕಳ ಮನೇಲಿದೆ, ಅಂಥ ನಾಲ್ಕೈದು ನೋಡಿದೀನಿ. ಆ ಮನೆಗಳಿಗೆ ಹೇಗೆ ಒಳಗೆ ಹೋದೆ ಅನ್ನೋದು ನನ್ನ ಹತ್ರನೇ ಇರ್ಲಿ, ಅವರೂ ಮರ್ಯಾದೆಯಿಂದ ಬದುಕಬೇಕು.

ಇದನ್ನೆಲ್ಲ ನೋಡ್ತಾ ನೋಡ್ತಾ ನಂಗೆ ಹೊಳೆದ ವಿಷ್ಯ ಒಂದಿದೆ, ಇದನ್ನ ಯಾರೂ ಗಟ್ಟಿಯಾಗಿ ಹೇಳಿಲ್ಲ. ತೀರ್ವೆ ಬಾಕಿ ಇದ್ದಿದ್ದು ಗಂಡನ ಹೆಸರಿನ ಜಮೀನಿಗೆ, ಎತ್ಕೊಂಡು ಹೋಗಿದ್ದು ಹೆಂಡತಿಯ ಸ್ತ್ರೀಧನ! ಕರ ಕೊಡಬಾರದು ಅನ್ನೋ ನಿರ್ಧಾರ ಆಗಿದ್ದು ಗಂಡಸರ ಸಭೇಲಿ, ನಾನು ಮಾತಾಡ್ಸಿದ ಮನೆಗಳಲ್ಲಿ ಹೆಂಗಸರನ್ನ ಕೇಳಿ ಹೂಂ ಅಂದ ಗಂಡ ಎರಡು ಮೂರು ಕಡೆ ಸಿಕ್ಕಿರಬಹುದು ಅಷ್ಟೇ. ಆದ್ರೂ ತೀರ್ವೆ ಕಟ್ಟಿ ಪಾತ್ರೆ ಬಿಡಿಸ್ಕೊಳ್ಳಿ ಅಂತ ಗಂಡನಿಗೆ ಹೇಳಿದೋಳು ಒಬ್ಬಳೂ ಸಿಕ್ಕಿಲ್ಲ ನಂಗೆ. 1937ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಜಮೀನು ವಾಪಸ್ ಬಂತು, ಬಂದಿದ್ದು ಖಾತೆದಾರರಿಗೇ. ಹಂಡೆ ಕೊಡಪಾನ ಬರಲಿಲ್ಲ. ಒಂದೂವರೆ ವರ್ಷ ಅಡಿಕೆ ಕೊನೆಕೊಯ್ಲು ಮಾಡಿಸಿ, ಆಳಿಗೆ ಕೂಲಿ ಕೊಟ್ಟು, ವ್ಯಾಪಾರಿ ಹತ್ರ ರೇಟು ಮಾತಾಡಿದ ಹೆಂಗಸು, ಗಂಡ ಜೈಲಿಂದ ಬಂದ ದಿನವೇ ಲೆಕ್ಕದ ಪುಸ್ತಕ ಕೈಗೆ ಕೊಟ್ಟು ಒಳಗೆ ಹೋದ್ಲು ಅಂತ ಮಗಳು ಹೇಳ್ವಾಗ ನಂಗೆ ಸಿಟ್ಟು ಬಂದಿತ್ತು, ಈಗಲೂ ಬರತ್ತೆ. ಕರ್ನಾಟಕದಲ್ಲಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅಂತ ಕಾನೂನಾಗಿದ್ದು 1994ರಲ್ಲಿ, ಅಷ್ಟೊತ್ತಿಗೆ ಇವರಲ್ಲಿ ಎಷ್ಟು ಜನ ಉಳಿದಿದ್ರು?

ಮಧ್ಯದಲ್ಲಿ ಹಾಡಿನ ಹಿಂದೆ ಬಿದ್ದಿದ್ದೂ ಉಂಟು. ಗಾಂಧಿ ಮೇಲೆ, ಚರಕದ ಮೇಲೆ ಮದುವೆ ಮನೇಲಿ ಹೇಳ್ತಿದ್ದ ಹಾಡು ಮೂವತ್ತರ ಹತ್ರ ಸಿಕ್ತು, ಬಹಳ ಚಂದ ಇದೆ, ಆದ್ರೆ ಊರಿನ ಒಂದು ಹೆಣ್ಣಿನ ಹೆಸರೂ ಇಲ್ಲ. ಬೇರೆ ಪುಸ್ತಕಕ್ಕಾಗತ್ತೆ ಅಂತ ಎತ್ತಿಟ್ಟಿದೀನಿ.

ಪಾತ್ರೆ ದಾರೀಲೂ ಒಂದು ಸೋರಿಕೆ ಇತ್ತು. ಜಪ್ತಿ ಮಾಡೋಕೆ ಪಾತ್ರೆನೇ ಇಲ್ಲದ ಮನೆಯವರು ಇದ್ರೊಳಗೆ ಬರಲ್ಲ. ತೋಟಕ್ಕೆ ಸೊಪ್ಪು ತರೋ ಸೊಪ್ಪಿನಬೆಟ್ಟಕ್ಕೆ ಹೋಗ್ವಾಗ ಕಲ್ಲಿ (ಸೊಪ್ಪು ಹೊರೋ ಬಲೆಚೀಲ) ಒಳಗೆ ಊಟದ ಗಂಟಿಟ್ಟು ಭೂಗತರಿಗೆ ಮುಟ್ಟಿಸ್ತಿದ್ದೋರು ಕೂಲಿ ಹೆಂಗಸರು, ಹೆಚ್ಚಿನೋರು ದೀವರ ಕೇರಿಯೋರು. ಅವರಿಗೋಸ್ಕರ ಬೆಟ್ಟದ ದಾರಿ ಕೇಳೋಕೆ ಶುರು ಮಾಡ್ದೆ, ಯಾವ ದಾರೀಲಿ ಸೊಪ್ಪಿಗೆ ಹೋಗ್ತಿದ್ರಿ, ಜೊತೆಗೆ ಯಾರು, ಎಲ್ಲಿ ಹೊರೆ ಇಳಿಸ್ತಿದ್ರಿ. ಪಟ್ಟಿಯ ಕೊನೇ ಮೂವತ್ತು ಮೂವತ್ತೈದು ಹೆಸರು ಹೀಗೆ ಬಂದಿದ್ದು, ನಂಗೆ ಅವೇ ಹೆಚ್ಚು ಹೆಮ್ಮೆ.

ದುಡ್ಡಿನ ಲೆಕ್ಕ ಕೇಳೋರಿಗೆ: ಇಷ್ಟು ವರ್ಷಕ್ಕೆ ಬಸ್ಸು, ಬಾಡಿಗೆ ಜೀಪು, ಕ್ಯಾಸೆಟ್, ಆಮೇಲೆ ಡಿಜಿಟಲ್ ರೆಕಾರ್ಡರ್ ಎಲ್ಲ ಸೇರಿ ಎರಡು ಲಕ್ಷದ ಹತ್ರ ಆಗಿರ್ಬೇಕು. ಒಂದು ಸಂಸ್ಥೆ ಲಿಖಿತ ಪುರಾವೆ ಇಲ್ಲ ಅಂತ ಅರ್ಜಿ ವಾಪಸ್ ಮಾಡ್ತು. ಪುಸ್ತಕ 500 ಪ್ರತಿಗೆ ನಲವತ್ತು ಸಾವಿರದ ಮೇಲೆ ಬಿತ್ತು, ನಿವೃತ್ತಿ ದುಡ್ಡಲ್ಲಿ ಹಾಕ್ಸಿದೆ, ಮುಕ್ಕಾಲು ಭಾಗ ಖರ್ಚಾಗಿದೆ, ತಗೊಂಡೋರು ಬಹಳಷ್ಟು ಅದೇ ಮನೆಗಳ ಹೆಣ್ಣುಮಕ್ಕಳು.

ಈಗ ಅಂಕೋಲಾ ಕಡೆ ಓಡಾಟ ನಡೀತಿದೆ. 1930ರ ಏಪ್ರಿಲ್ 13ಕ್ಕೆ ಉಪ್ಪಿನ ಕಾನೂನು ಮುರಿದ ಊರು, ಅಲ್ಲಿ ಎಲ್ಲರ ಬಾಯಲ್ಲೂ ಉಪ್ಪಿನ ಕತೆ ತಯಾರಾಗಿ ಕೂತಿದೆ, ಕರನಿರಾಕರಣೆ ಮಾತು ತೆಗೆಸೋದೇ ಕಷ್ಟ. ಹಂಡೆ ಅಲ್ಲಿ ಅಷ್ಟು ನಡೀತಿಲ್ಲ, ಭತ್ತದ ಕಣಜ ಮತ್ತೆ ಕಟ್ಟಿದ್ದ ದನ ಕೇಳಿದ್ರೆ ಮಾತು ಬರ್ತಿದೆ. ಕರನಿರಾಕರಣೆ ನಡೆದ ಹಿರೇಕೆರೂರು ಕಡೆ ಯಾರಾದ್ರೂ ಇದೇ ಕೆಲಸ ಮಾಡೋರಿದ್ರೆ ಪಾತ್ರೆ ಹಿಂದೆ ಹೋಗ್ಬೇಡಿ, ಎತ್ತಿನಿಂದ ಶುರು ಮಾಡಿ, ಎತ್ತು ಹೋದ ವರ್ಷ ಹೊಲ ಹೂಡಿದ್ದು ಯಾರು ಅಂತ ಕೇಳಿ ನೋಡಿ.